ಆರನೆಯ ಮುದ್ದೆ

ಹೋದ ವಾರ ಮೂರು ದಿನ ನಮ್ಮ ನಡುಮನೆಯ ಮೇಜಿನ ಮೇಲೆ ಒಬ್ಬ ಸೈನ್ಯಾಧಿಕಾರಿ ಒಂದು ಹೆಣ್ಣುಮಗುವಿನ ಮುಂದೆ ಮಂಡಿಯೂರಿ ಕೂತಿದ್ದ. ಗಾಬರಿಯಾಗಬೇಡಿ, ಲ್ಯಾಪ್‌ಟಾಪಿನ ಪರದೆಯಲ್ಲಿ. ಅವನನ್ನು ಹಾಗೆ ನಿಲ್ಲಿಸಿಟ್ಟವಳು ನಾನೇ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಪರದೆ ತೆರೆಯುತ್ತಿದ್ದೆ, ಅವನ ಮುಖ ನೋಡುತ್ತಿದ್ದೆ, ಮತ್ತೆ ಮುಚ್ಚುತ್ತಿದ್ದೆ. ಶಾಲೆಗೆ ಹೊರಡುವಾಗ ಗ್ಯಾಸ್ ಆಫ್ ಮಾಡಿದೆನೇ ಎಂದು ಎರಡೆರಡು ಸಲ ನೋಡುವ ಜಾತಿ ನನ್ನದು. ಈಗ ಅದರ ಜೊತೆಗೆ ಇವನನ್ನೂ ಒಮ್ಮೆ ನೋಡಿ ಹೋಗುವುದು ಶುರುವಾಯಿತು.

ಕೊಳ್ಳೇಗಾಲದ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ, ಮಂಡಿನೋವಿಗೆ ಎಣ್ಣೆ ಹಚ್ಚಿಕೊಳ್ಳುವ ವಯಸ್ಸಿನ ಹೆಂಗಸಿಗೆ ವಿಡಿಯೋ ಗೇಮ್ ಯಾಕೆ ಎಂದು ನೀವು ಕೇಳಬಹುದು. ಮೈಸೂರಿನಲ್ಲಿ ನರ್ಸಿಂಗ್ ಓದುವ ಮಗಳು ಚೈತ್ರ ರಜೆಗೆ ಬಂದವಳು ಹಾಕಿಕೊಟ್ಟು ಹೋದಳು. "ಅಮ್ಮ, ಇದ್ರಲ್ಲಿ ಗುಂಡು ಹೊಡಿಯೋದು ಕಮ್ಮಿ, ಮಾತು ಜಾಸ್ತಿ. ನಿಂಗೆ ಹೇಳಿ ಮಾಡಿಸಿದ ಹಾಗಿದೆ" ಎಂದಳು. ಮಾತಿನ ವಿಷಯದಲ್ಲಿ ನನ್ನ ಕೀರ್ತಿ ಮನೆಯೊಳಗೆ ಹಾಗಿದೆ.

ಆಟದಲ್ಲಿ ಒಂದು ಹೆಸರಿಲ್ಲದ ದೇಶ, ಬೆಟ್ಟದ ಬುಡದ ಒಂದು ಊರು. ಹಗಲು ಒಂದು ಪಡೆ ಬರುತ್ತದೆ, ಮುಸ್ಸಂಜೆಗೆ ಅದರ ವೈರಿಗಳು. ನಾವು ಆ ಊರಿನಲ್ಲಿ ರೊಟ್ಟಿ ಸುಟ್ಟು ಮಾರುವ ಹೆಂಗಸು. ಕೈಯಲ್ಲಿ ಬಂದೂಕಿಲ್ಲ, ಬಾಯಿ ಮಾತ್ರ ಇದೆ. ಯಾರಾದರೂ ಏನಾದರೂ ಕೇಳಿದರೆ ಕೆಳಗೆ ನಾಲ್ಕು ಉತ್ತರಗಳು ಮೂಡುತ್ತವೆ, ಅವುಗಳ ಮೇಲೆ ಒಂದು ಬಿಳಿ ಗೆರೆ ಸವೆಯುತ್ತಾ ಹೋಗುತ್ತದೆ. ಗೆರೆ ಮುಗಿಯುವುದರೊಳಗೆ ಒಂದನ್ನು ಒತ್ತಬೇಕು. ಒತ್ತಿದ್ದಕ್ಕೆ ಆಗಲೇ ಏನೂ ಆಗುವುದಿಲ್ಲ. ಎರಡು ಅಧ್ಯಾಯ ಕಳೆದು, ನೀವು ಮರೆತೇ ಬಿಟ್ಟಿರುವಾಗ, ಗಿರಣಿಯ ಮುದುಕನ ಬಾಗಿಲಿಗೆ ಬೀಗ ಬಿದ್ದಿರುತ್ತದೆ. ಗೆಲ್ಲುವುದು ಎಂಬುದೇ ಈ ಆಟದಲ್ಲಿ ಇಲ್ಲ, ಊರಿನಲ್ಲಿ ಯಾರು ಉಳಿದರು ಎನ್ನುವುದಷ್ಟೇ.

ನಾನು ನಿಲ್ಲಿಸಿದ ಕಡೆ ಅಧಿಕಾರಿ ರೊಟ್ಟಿಯವಳ ಮಗಳನ್ನು ಕೇಳುತ್ತಿದ್ದ: ನಿನ್ನೆ ನಿಮ್ಮ ಮನೆಯಲ್ಲಿ ಯಾರು ಉಂಡರು? ಮಗುವಿನ ಪರವಾಗಿ ನಾನು ಉತ್ತರ ಆರಿಸಬೇಕು. ಗೆರೆ ಅರ್ಧ ಸವೆದಾಗ ಆಟವನ್ನು ಅಲ್ಲಿಗೇ ತಡೆದು ಎದ್ದುಬಿಟ್ಟೆ. ಫೋನಿನಲ್ಲಿ ಹೇಳಿದರೆ ಚೈತ್ರ ನಕ್ಕಳು. "ಅದು ಗೇಮ್ ಕಣಮ್ಮ! ತಪ್ಪಾದ್ರೆ ಹಿಂದಕ್ಕೆ ಹೋಗಿ ಇನ್ನೊಂದು ಒತ್ತು."

ತರಗತಿಯಲ್ಲಿ ದಿನವಿಡೀ ಪ್ರಶ್ನೆ ಕೇಳುವುದೇ ನನ್ನ ಕಸುಬು. ಯುದ್ಧದ ಪರಿಣಾಮಗಳನ್ನು ಐದು ಅಂಶಗಳಲ್ಲಿ ಬರೆಯಿರಿ ಎನ್ನುತ್ತೇನೆ, ಮಕ್ಕಳು ಬರೆಯುತ್ತಾರೆ, ಐದು ಅಂಕ ಕೊಡುತ್ತೇನೆ. ನನ್ನನ್ನು ಯಾರಾದರೂ ಕೇಳಿದರೆ ಮಾತ್ರ ಜೀವ ಬಾಯಿಗೆ ಬರುತ್ತದೆ. ಬ್ಯಾಂಕಿನಲ್ಲಿ ಕೌಂಟರಿನ ಹುಡುಗಿ "ಮೇಡಂ, ಇದು ನಿಮ್ದೇ ಸಹಿನಾ?" ಎಂದರೆ ನನ್ನದೋ ಅಲ್ಲವೋ ಎಂದು ನನಗೇ ಅನುಮಾನ ಬರುತ್ತದೆ. ಸ್ವಭಾವ ಎಂದು ನಗಾಡಿ ದಾಟಿಸಿಕೊಂಡು ಬಂದಿದ್ದೇನೆ. ಸ್ವಭಾವವಲ್ಲ. ಒಂಬತ್ತು ವರ್ಷದವರೆಗೆ ನಾನು ಊರಿಗೆಲ್ಲ ಹೆಸರಾದ ಬಾಯಿಬಡಕಿ.

ಆ ಊರು ಗೋಪಿನಾಥಂ ಕಡೆಯದು. ಹೆಸರು ಬೇಡ, ಇಪ್ಪತ್ತು ಮನೆಯ ಊರಿಗೆ ಹೆಸರು ಹೇಳಿದರೆ ಜನರ ಹೆಸರು ಹೇಳಿದ ಹಾಗೆ. ಮನೆಯಲ್ಲಿ ಅಜ್ಜಿ, ಅಪ್ಪ, ಅವ್ವ, ಚಿಕ್ಕಪ್ಪ, ನಾನು, ಒಟ್ಟು ಐದು ಜನ. ಅಜ್ಜಿ ಕಟ್ಟುತ್ತಿದ್ದದ್ದು ಆರು ಮುದ್ದೆ. ಆರನೆಯದು ದಾರಿಯವರಿಗೆ. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರು, ತಪ್ಪಿದ ಮೇಕೆ ಹುಡುಕಿಕೊಂಡು ತಮಿಳು ಮಾತಾಡುತ್ತಾ ಬರುವವರು, ಯಾರಾದರೂ ಸರಿ. ಊರಿನ ಎಲ್ಲ ಮನೆಯಲ್ಲೂ ಹೀಗೇ. ಯಾರೂ ಬರದಿದ್ದರೆ ಬೆಳಿಗ್ಗೆ ಮಜ್ಜಿಗೆಗೆ ಕಿವುಚಿಕೊಂಡು ನಾನೇ ಕುಡಿಯುತ್ತಿದ್ದೆ, ಹಾಗಾಗಿ ಯಾರೂ ಬಾರದಿರಲಿ ಎಂದು ಒಳಗೊಳಗೇ ಮಾದಪ್ಪನಿಗೆ ಹರಕೆ ಹೊರುತ್ತಿದ್ದದ್ದೂ ಉಂಟು. ಬಂದವರನ್ನು ಊರು ಹೆಸರು ಕೇಳುವ ಪದ್ಧತಿ ಇರಲಿಲ್ಲ. "ಉಣ್ಣೋರ್ನ ಎಸ್ರು ಕೇಳ್ಬಾರ್ದು ಕಣವ್ವ, ತುತ್ತು ಗಂಟ್ಲಲ್ಲೇ ನಿಂತ್ಕತದೆ" ಎನ್ನುತ್ತಿದ್ದಳು ಅಜ್ಜಿ.

ಆ ವರ್ಷಗಳಲ್ಲಿ ಕಾಡಿನೊಳಗೆ ಕೆಲವರು ಬಂದೂಕು ಹಿಡಿದು ಅಡಗಿದ್ದರು. ಅವರನ್ನು ಹುಡುಕಲು ಬಂದವರು ಊರಾಚೆ ಡೇರೆ ಹಾಕಿದ್ದರು. ನಾವು ಅದನ್ನು ಕ್ಯಾಂಪು ಎನ್ನುತ್ತಿದ್ದೆವು. ಕಾಡಿನವರಿಗೆ ಅನ್ನ ಕೊಟ್ಟರೆ ಕ್ಯಾಂಪಿನವರ ಕೋಪ, ಕ್ಯಾಂಪಿನವರೊಡನೆ ಮಾತಾಡಿದರೆ ಕಾಡಿನವರ ಕೋಪ. ಅತ್ತ ದರಿ, ಇತ್ತ ಪುಲಿ. ನಮ್ಮೂರಿನಲ್ಲಿ ಯಾರೂ ಅದನ್ನು ಯುದ್ಧ ಎಂದು ಕರೆಯಲಿಲ್ಲ. ನಾನೂ ಕರೆದಿರಲಿಲ್ಲ, ಈ ಆಟ ಆಡುವವರೆಗೆ.

ಒಂದು ಮಧ್ಯಾಹ್ನ ಕ್ಯಾಂಪಿನ ಜೀಪು ಬಂತು. ಅಪ್ಪ ಹನೂರಿಗೆ ಹೋಗಿದ್ದ, ಅವ್ವ ಅಜ್ಜಿ ಹೊಲದಲ್ಲಿ, ಚಿಕ್ಕಪ್ಪ ಹಿತ್ತಲಿನಲ್ಲಿ ಸೌದೆ ಸೀಳುತ್ತಿದ್ದ. ಒಳಗೆ ನಾನೊಬ್ಬಳೇ. ಬಂದಾತ ಒಳ್ಳೆಯ ಮಾತಿನ ಮನುಷ್ಯ. ಮುದ್ದೆಯ ಬುಟ್ಟಿಯ ಬಟ್ಟೆ ಸರಿಸಿ ಎಣಿಸಿದ, ಮನೆಯಲ್ಲಿ ಎಷ್ಟು ಜನ ಎಂದು ಕೇಳಿದ, ಆಮೇಲೆ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ. "ಐದು ಜನಕ್ಕೆ ಆರು ಮುದ್ದೆ ಯಾಕೆ ಪುಟ್ಟಿ?"

"ಅದು ಬರೋರ್ಗೆ ಸಾ. ದಿನಾ ಒಂದು ಮಡಗ್ತೀವಿ" ಎಂದೆ. ಹೆಮ್ಮೆಯಿಂದಲೇ ಎಂದೆ.

"ನಿನ್ನೆ ಯಾರು ಬಂದಿದ್ರು?"

"ಯಾರೋ ಬಂದಿದ್ರು ಸಾ. ಎಸ್ರು ಕೇಳಕಿಲ್ಲ ನಾವು."

ಇದ್ದದ್ದನ್ನು ಇದ್ದಂತೆ ಹೇಳಿದ್ದೆ. ಬಂದಿದ್ದವನು ಮೇಕೆ ಹುಡುಕುವ ಮುದುಕ, ಅದನ್ನೂ ಹೇಳಬಹುದಿತ್ತು, ಆದರೆ ಅಷ್ಟರಲ್ಲಿ ಆತ ಎದ್ದಾಗಿತ್ತು. ಚಿಕ್ಕಪ್ಪನನ್ನು ಬನಿಯನ್ನಿನಲ್ಲೇ ಜೀಪು ಹತ್ತಿಸಿದರು. ಹನ್ನೊಂದು ದಿನ ಅವನು ಬರಲಿಲ್ಲ. ಅಜ್ಜಿ ದಿನವೂ ಕ್ಯಾಂಪಿನ ಬೇಲಿಯವರೆಗೆ ಹೋಗಿ ನಿಂತು ಬರುತ್ತಿದ್ದಳು. ಮುದ್ದೆಯ ಮಾತು ಅವರಿಗೆ ಹೇಳಿದ್ದು ಯಾರು ಎಂದು ಒಂದು ದಿನ ಎಲ್ಲರೆದುರು ಕೇಳಿದಳು. ನಾನು ಒಲೆಗೆ ಸೌದೆ ಚಾಚುತ್ತಿದ್ದೆ, ಬಾಯಿ ಬಿಡಲಿಲ್ಲ. ಆ ವಾರವೇ ಊರಿನ ಮನೆಮನೆಯಲ್ಲೂ ತಲೆಗೊಂದೇ ಮುದ್ದೆ ಕಟ್ಟುವುದು ಶುರುವಾಯಿತು. ಹನ್ನೆರಡನೆಯ ದಿನ ಚಿಕ್ಕಪ್ಪ ನಡೆದುಕೊಂಡೇ ಬಂದ, ಸ್ನಾನ ಮಾಡಿ ಗೋಡೆಯ ಕಡೆ ತಿರುಗಿ ಮಲಗಿದ. ವರ್ಷ ತುಂಬುವುದರೊಳಗೆ ನಾವು ಊರು ಬಿಟ್ಟು ಸತ್ತೇಗಾಲ ಸೇರಿದೆವು.

ನನ್ನಿಂದಲೇ ಹಿಡಿದುಕೊಂಡು ಹೋದರು ಎಂದು ಚಿಕ್ಕಪ್ಪನಿಗೆ ಗೊತ್ತೋ ಇಲ್ಲವೋ. ಇಷ್ಟು ವರ್ಷ ನನ್ನನ್ನು ತಿಂದದ್ದು ಇದೊಂದೇ. ನನ್ನ ಮದುವೆಯಲ್ಲಿ ಅವನು ಅಕ್ಷತೆ ಹಾಕುವಾಗಲೂ ಅವನ ಮುಖವನ್ನೇ ಓದುತ್ತಿದ್ದೆ. ಕೇಳಿಬಿಡೋಣ ಎಂದು ಹೊರಟಾಗಲೆಲ್ಲ ಗೊತ್ತಿಲ್ಲದಿದ್ದರೆ ನಾನೇ ಹೇಳಿಕೊಟ್ಟಂತಾಗುತ್ತದಲ್ಲ ಎಂದು ಹಿಂದೆ ಸರಿಯುತ್ತಿದ್ದೆ.

ಚಿಕ್ಕಪ್ಪ ಈಗಲೂ ಸತ್ತೇಗಾಲದಲ್ಲೇ ಇದ್ದಾನೆ, ಗದ್ದೆಯಿದೆ, ಮೊಮ್ಮಕ್ಕಳಿದ್ದಾರೆ. ತಿಂಗಳಿಗೊಮ್ಮೆ ಬಿಪಿ ಮಾತ್ರೆಗೆಂದು ಕೊಳ್ಳೇಗಾಲಕ್ಕೆ ಬಂದರೆ ಊಟ ನಮ್ಮಲ್ಲಿ. ಹೋದ ಶನಿವಾರವೂ ಬಂದ. ನಾನು ಅಡುಗೆಮನೆಯಿಂದ ಈಚೆ ಬರುವಷ್ಟರಲ್ಲಿ ಮೇಜಿನ ಮುಂದೆ ಬಗ್ಗಿ ನಿಂತಿದ್ದ.

"ಇದೇನವ್ವ, ಮಿಲಿಟ್ರಿಯೋನು ಕೂಸಿನ ಮುಂದೆ ಕುಂತವ್ನೆ?"

ಆಟವೆಂದೆ, ಅದರೊಳಗಿನ ಊರಿನ ಕಥೆ ಹೇಳಿದೆ, ನಾಲ್ಕು ಉತ್ತರಗಳನ್ನೂ ಕನ್ನಡದಲ್ಲಿ ಓದಿ ಹೇಳಿದೆ. ಪಾಠ ಮಾಡುವ ದನಿಯೇ ಬಂತು, ಅದೊಂದೇ ದನಿ ಆಗ ಕೈಗೆ ಸಿಕ್ಕಿದ್ದು. ಅವನು ಕುರ್ಚಿ ಎಳೆದು ಕೂತ.

"ಏನೂ ಯೋಳ್ದೆ ಸುಮ್ಕಿದ್ಬುಟ್ರೆ?"

"ಸುಮ್ನಿದ್ರೆ ಅದ್ನೂ ಒಂದು ಉತ್ರ ಅಂತ್ಲೇ ತಗತದೆ ಚಿಕ್ಕಪ್ಪ."

"ಸರ್ಯಾಗೇ ಮಾಡವ್ರೆ" ಎಂದ.

ಇನ್ನು ತಡೆಯಲಾಗಲಿಲ್ಲ. "ಅವತ್ತು ಮುದ್ದೆ ವಿಷ್ಯ ಯೋಳಿದ್ದು ನಾನೇ ಚಿಕ್ಕಪ್ಪ."

"ನೀನಲ್ದೆ ಇನ್ಯಾರವ್ವ? ಒಳಗೆ ಇದ್ದೋಳು ನೀನೊಬ್ಳೇಯ. ಜೀಪು ಅತ್ತುವಾಗ್ಲೇ ಗೊತ್ತಾಯ್ತು."

"ಕ್ವಾಪ ಬರ್ನಿಲ್ವಾ?"

"ಕೂಸು ನೀನು. ಇದ್ದುದ್ನ ಯೋಳ್ದೆ."

ನನಗೆ ಅಳು ಬಂತು. ಅಷ್ಟೇನಾ, ಇಷ್ಟಕ್ಕಾಗಿ ಇಷ್ಟು ವರ್ಷ ಬೆಂದೆನಾ ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡು ನಗಲು ನೋಡಿದೆ. ಚಿಕ್ಕಪ್ಪ ನಗಲಿಲ್ಲ.

"ನಾನು ಕೂಸಲ್ಲ ಕಣವ್ವ. ನಂಗೆ ಮೂವತ್ತು ತುಂಬಿತ್ತು."

ಆಮೇಲೆ ಮಾತ್ರೆಯ ಚೀಟಿಯನ್ನು ಮಡಿಸುತ್ತಾ ಬಿಚ್ಚುತ್ತಾ ಹೇಳಿದ. ಕ್ಯಾಂಪಿನಲ್ಲಿ ಹತ್ತು ದಿನ ಒಂದೇ ಪ್ರಶ್ನೆಯಂತೆ, ಆರನೆಯ ಮುದ್ದೆ ಯಾರಿಗೆ ಎಂದು. ಅದು ನಮ್ಮೂರ ಪದ್ಧತಿ ಎಂದರೆ ಯಾರೂ ನಂಬಲಿಲ್ಲವಂತೆ. ಹಾಗಾದರೆ ಇನ್ಯಾರ ಮನೆಯಲ್ಲಿ ಹೆಚ್ಚಿಗೆ ಕಟ್ಟುತ್ತಾರೆ, ಹೆಸರು ಹೇಳು ಎಂದರಂತೆ. "ಪುಟ್ಟಮಾದನ ಮನೇಲಿ ಅಂದ್ಬುಟ್ಟೆ. ಸುಳ್ಳಲ್ಲ. ಊರ್ನೋರೆಲ್ಲ ಕಟ್ತಿದ್ರು, ನಾನು ಅವನೊಬ್ಬನ ಎಸ್ರೇಳ್ದೆ. ಯೋಳಿದ್ರೆ ಅವನ್ನ ಎಳ್ಕೊಂಡೋಯ್ತಾರೆ ಅಂತ ಗೊತ್ತಿತ್ತು. ಗೊತ್ತಿದ್ದೇ ಅಂದೆ."

ಪುಟ್ಟಮಾದಣ್ಣ ನಮ್ಮ ಪಕ್ಕದ ಮನೆಯವನು. ಚಿಕ್ಕಪ್ಪ ಬಂದ ಮರುದಿನ ಕ್ಯಾಂಪಿನವರು ಅವನನ್ನು ಕರೆದುಕೊಂಡು ಹೋದದ್ದು ನನಗೂ ನೆನಪಿದೆ. ತಿಂಗಳುಗಟ್ಟಲೆ ಆದ ಮೇಲೆ, ಒಂದು ಕಾಲು ಊರಲಾಗದೆ ಬಂದ. ಹೊಲ ಮಾರಿ ಕೌದಳ್ಳಿಯಲ್ಲಿ ಚಿಲ್ಲರೆ ಅಂಗಡಿ ಇಟ್ಟ ಎಂದು ಆಮೇಲೆ ಕೇಳಿದ್ದೆವು. ಅದನ್ನೂ ಸೇರಿಸಿ ನನ್ನ ತಲೆಯ ಮೇಲೇ ಹೊತ್ತುಕೊಂಡಿದ್ದೆ ನಾನು.

ಕ್ಷಮಿಸು ಎನ್ನುವ ಮಾತನ್ನು ಎಷ್ಟೋ ವರ್ಷದಿಂದ ನಾಲಿಗೆಯ ಮೇಲೆ ಇಟ್ಟುಕೊಂಡಿದ್ದವಳಿಗೆ, ಇನ್ನೊಬ್ಬರು ಅದನ್ನು ಕೇಳಿಕೊಂಡು ಎದುರಿಗೆ ಕೂತರೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಕ್ಷಮೆ ಕೊಡುವ ಅಧಿಕಾರವೂ ನನ್ನದಲ್ಲವಲ್ಲ.

"ಕೌದಳ್ಳಿಗೆ ಓಗ್ಬೇಕು. ಒಬ್ನೇ ಓಗಕ್ಕಾಗಕಿಲ್ಲ. ನೀ ಬತ್ತೀಯಾ?" ಎಂದ.

ಮರುದಿನ ಭಾನುವಾರ ಹೋದೆವು. ಬಸ್ಸು ಹನೂರು ದಾಟಿತು. ಬೈದರೆ? ಬಾಗಿಲು ಹಾಕಿದರೆ? ಅತ್ತರೆ? ನಾನು ಒಂದೊಂದಕ್ಕೂ ಉತ್ತರ ಹೊಸೆಯುತ್ತಾ ಇದ್ದೆ, ಒಂದೂ ಕೂಡಿಬರಲಿಲ್ಲ. ಅಂಗಡಿ ಬಸ್ಸು ನಿಲ್ಲುವ ಕಡೆಯೇ ಇತ್ತು. ಪುಟ್ಟಮಾದಣ್ಣನ ಹೆಂಡತಿ ಚಿಕ್ಕತಾಯಕ್ಕ ಯಾರಿಗೋ ಈರುಳ್ಳಿ ತೂಗುತ್ತಿದ್ದಳು. ಚಿಕ್ಕಪ್ಪ ಮೆಟ್ಟಿಲು ಹತ್ತಲಿಲ್ಲ, ಬಿಸಿಲಲ್ಲೇ ನಿಂತು ಹೇಳಿಬಿಟ್ಟ. "ಅಕ್ಕ, ಅವತ್ತು ಕ್ಯಾಂಪಲ್ಲಿ ಮಾದನ ಎಸ್ರೇಳಿದ್ದು ನಾನು."

ಅವಳು ತಕ್ಕಡಿ ಇಳಿಸಿ, ಗಿರಾಕಿಯನ್ನು ಕಳಿಸಿ, ಆಮೇಲೆ ಇವನ ಕಡೆ ನೋಡಿದಳು.

"ಗೊತ್ತು ಕಣಪ್ಪ. ನಮ್ಮೋರ್ಗೂ ಗೊತ್ತಿತ್ತು. 'ಅವನ ಜಾಗ್ದಲ್ಲಿ ನಾನಿದ್ರೂ ಅವನೆಸ್ರೇ ಯೋಳ್ತಿದ್ದೆ, ಪಕ್ಕದ ಮನೆ ಅದೊಂದೇ ಅಲ್ವಾ' ಅನ್ನೋರು. ಈ ಕಡೆ ಒಂದ್ಸಲನೂ ಬರ್ನಿಲ್ಲವಲ್ಲ ಅನ್ನೋದೊಂದೇಯ ಕೊರಗು ಅವ್ರಿಗೆ. ಸಾಯೋಗಂಟ ಬಸ್ಸು ನಿಂತಾಗೆಲ್ಲ ಕತ್ತೆತ್ತಿ ನೋಡೋರು."

ಅವಳು ಕೊಟ್ಟ ಟೀ ಕುಡಿದೆವು. ವಾಪಸು ಬರುವಾಗ ಚಿಕ್ಕಪ್ಪ ಕಿಟಕಿಯ ಪಕ್ಕದ ಸೀಟು ನನಗೆ ಬಿಟ್ಟುಕೊಟ್ಟ. ಟಿಕೆಟ್ಟು ಜೇಬಿಗಿಟ್ಟುಕೊಂಡು ಕೇಳಿದ.

"ಮಾದ ತೀರ್ಕಂಡು ಎಷ್ಟು ದಿನ ಅಂದ್ಲು?"

"ದೀಪಾವಳಿ ಬಂದ್ರೆ ಎರಡು ವರ್ಸ."

"ಅದ್ಕೂ ಮುಂಚಿನ ಯುಗಾದಿಗೆ ನಾನು ಬೆಟ್ಟಕ್ಕೆ ಓಗಿದ್ದೆ ಕಣವ್ವ. ಕೌದಳ್ಳೀಲಿ ಬಸ್ಸು ನಿಲ್ಸಿದ್ರು. ಅಂಗ್ಡಿ ಮುಂದೆ ಕುಂತಿದ್ದ. ನನ್ನ ಕಡೇನೇ ನೋಡ್ತಿದ್ದ. ನಾನು ಮಕ ಈಚೆಗೆ ತಿರುಗಿಸ್ಕಂಡೆ."