ಕೂಸಪ್ಪನ ಗದ್ದೆಗೆ ಸಾಕ್ಷಿ ನುಡಿದ ಹಯಗ್ರೀವ ರಾಯರು

ಕುಂಟಲಬೆಟ್ಟಿನ ಶಾನುಭೋಗರ ಮನೆಯೆಂದರೆ ಕಾಪುವಿನಿಂದ ನಂದಿಕೂರಿನ ತನಕ ತಿಳಿಯದವರಿರಲಿಲ್ಲ. ಮೂಲಪುರುಷ ಅನಂತಯ್ಯನವರು ಉಪ್ಪುನೀರು ನುಗ್ಗಿ ಹಾಳುಬಿದ್ದಿದ್ದ ಬೈಲಿಗೆ ಕಟ್ಟ ಹಾಕಿಸಿ ಮೂರು ಬೆಳೆ ತೆಗೆಸಿದವರು. ಅವರ ಮಗ ವಾಸುದೇವಯ್ಯನವರು, ಕಲೆಕ್ಟರು ಬಿಡಾರ ಹೂಡಿದಾಗ, ಗ್ರಾಮದ ಸರ್ವೆ ನಂಬರುಗಳನ್ನೆಲ್ಲ ಪುಸ್ತಕ ಬಿಡಿಸದೆ ಬಾಯಲ್ಲೇ ಒಪ್ಪಿಸಿದವರು. ಒಕ್ಕಲುಗಳು ಉಳುತ್ತಿದ್ದ ತಮ್ಮ ಗದ್ದೆಗಳಿಗೆ ಪಹಣಿಯಲ್ಲಿ ‘ಸ್ವಂತ ಸಾಗುವಳಿ’ ಎಂದು ದುಂಡಗೆ ಬರೆದಿಟ್ಟವರೂ ಅವರೇ. ಆ ಅಜ್ಜನ ಕಿರಿಯ ಮೊಮ್ಮಗ ಗ್ರಾಮಕರಣಿಕ ಹಯಗ್ರೀವ ರಾಯರು.

ರಾಯರು ತೀರಿಕೊಂಡದ್ದು ಎಂಬತ್ತಾರನೆಯ ಇಸವಿಯಲ್ಲಿ. ಬೊಜ್ಜದ ಉತ್ತರಕ್ರಿಯೆ ಕಳೆದ ಮೇಲೆ ಪಂಚಾಯತು ಕಟ್ಟಡದಲ್ಲಿ ಸಭೆ ಸೇರಿಸಿ ಅವರ ಪಟ ತೂಗುಹಾಕಿದರು. ಕೊನೆಗೆ ವರ್ಗವಾಗಿ ದುಡಿದ ಕಾರ್ಕಳದ ಕಡೆಯಿಂದಲೂ ಜನ ಬಂದಿದ್ದರು. ಶಿಸ್ತು, ಪ್ರಾಮಾಣಿಕತೆ, ಮುತ್ತು ಪೋಣಿಸಿದಂಥ ಅಕ್ಷರ ಎಂದು ಒಬ್ಬರಾದ ಮೇಲೊಬ್ಬರು ಮಾತನಾಡಿದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಕೂಸಪ್ಪನಿಗೆ ಅದೊಂದೂ ತಾಗಲಿಲ್ಲ. ಅವನು ಗ್ರಾಮದ ಉಗ್ರಾಣಿ; ಅಳತೆಯ ಸರಪಳಿ ಹೊತ್ತು, ಸರಕಾರದ ನೋಟೀಸುಗಳನ್ನು ಮನೆಮನೆಗೆ ಮುಟ್ಟಿಸುತ್ತ ರಾಯರ ಬೆನ್ನಿಗೇ ನಡೆದವನು. ಅವನನ್ನೂ ಮೈಕಿನ ಮುಂದೆ ನಿಲ್ಲಿಸಿದರು. “ನನ್ನ ಗದ್ದೆ...” ಎಂದ. ಅಷ್ಟಕ್ಕೇ ಮೈಕು ಬಿಟ್ಟು ಹೋಗಿ ಕೂತುಬಿಟ್ಟ. ಅವನು ಹೇಳಲಾಗದೆ ಬಿಟ್ಟದ್ದು ಇದು.

ಎಪ್ಪತ್ತರ ದಶಕದಲ್ಲಿ ಭೂಮಸೂದೆ ಬಂದು, ಗೇಣಿಗೆ ಉಳುವವರು ಡಿಕ್ಲರೇಶನ್ ಕೊಟ್ಟರೆ ಗದ್ದೆ ಅವರದೇ ಎಂದಾಯಿತು. ಏನು ದಿನಗಳು ಅವು! ರಾಯರು ಸೈಕಲಿನ ಹ್ಯಾಂಡಲಿಗೆ ಕೊಡೆ ಸಿಕ್ಕಿಸಿ, ಅಂಗಳ ಅಂಗಳದಲ್ಲಿ ನಿಂತು ಕಾನೂನನ್ನು ತುಳುವಿನಲ್ಲಿ ಬಿಡಿಸಿ ಹೇಳುವುದು. ಹಿಂದಿನಿಂದ ಕೂಸಪ್ಪ ಏದುತ್ತ ಬರುವುದು. ಮಧ್ಯಾಹ್ನ ಇಬ್ಬರೂ ಲಿಯೋನೆಲ್‌ನ ಗೂಡಂಗಡಿಯಲ್ಲಿ ಚಹಾ ಕುಡಿದು ದಣಿವಾರಿಸಿಕೊಳ್ಳುವುದು. ಕೊನೆಯ ದಿನಕ್ಕೆ ವಾರವಿದ್ದಾಗ ಗುಟ್ಟು ಒಡೆದವನು ಆ ಲಿಯೋನೆಲ್ಲೇ.

“ರಾಯರೇ, ಊರಿಗೆಲ್ಲ ಡಂಗುರ ಹೊಡೆದವ ಇವನು. ಇವನ ಕಿವಿಗೆ ಮಾತ್ರ ಹತ್ತಿ ಇಟ್ಟದ್ದು ಯಾರು ಕೇಳಿ!”

“ಎಂತ ಕೂಸಪ್ಪ, ನೀನು ಕೊಡಲಿಲ್ಲವಾ?”

“ನಾನು ಎಂತ ಕೊಡುವುದು ಧನಿಗಳೇ? ಆ ಬೆಟ್ಟುಗದ್ದೆ ನಿಮ್ಮ ಮನೆಯದ್ದಲ್ವಾ?”

“ಉಳುವುದು ಯಾರು?”

“ನಾನು.”

“ನಿನ್ನ ಅಪ್ಪ?”

“ಅವರೂ ಅದನ್ನೇ ಉತ್ತು ಸತ್ತದ್ದು.” ಕೂಸಪ್ಪ ಚಹಾದ ಗ್ಲಾಸು ಕೆಳಗಿಟ್ಟ. “ದೊಡ್ಡ ಧನಿಗಳು ಜುಮಾದಿ ದೈವದ ಎದುರು ನಮ್ಮಿಂದ ನೀರು ಮುಟ್ಟಿಸಿ ಆಣೆ ಹಾಕಿಸಿದ್ದಾರೆ, ಡಿಕ್ಲರೇಶನ್ ಬರೆಯುವುದಿಲ್ಲ ಅಂತ. ಕೋಲದ ದಿನ ದೈವದ ಮುಂದೆ ದೀಟಿಗೆ ಉರಿಸಿ ಹಿಡಿಯುವ ಮನೆ ನಮ್ಮದು. ಕೊಟ್ಟ ಮಾತು ತಪ್ಪಿದರೆ ಮಕ್ಕಳುಮರಿ ಉಳಿದಾವಾ?”

ದೊಡ್ಡ ಧನಿಗಳೆಂದರೆ ರಾಯರ ಅಣ್ಣ ಯಜ್ಞನಾರಾಯಣರು. ಮನೆಯ ಯಜಮಾನಿಕೆ ಅವರದು. ರಾಯರು ಚಹಾದ ದುಡ್ಡು ಕೊಟ್ಟು ಸೈಕಲು ಹತ್ತಿದರು.

ಮರುದಿನ ಬೆಳಿಗ್ಗೆ ಮಿಂದು ಒದ್ದೆ ಪಂಚೆಯಲ್ಲೇ ಕೂಸಪ್ಪನ ಕೈಹಿಡಿದು ಮನೆಯ ಮೂಡುದಿಕ್ಕಿನ ಜುಮಾದಿಯ ಗುಡಿಗೆ ಕರೆದೊಯ್ದರು. ಹರಿವಾಣದಲ್ಲಿ ಹೂ, ನೀರು ಇಟ್ಟು ನಿಂತರು.

“ಜುಮಾದಿ, ಈ ಮನೆಯಲ್ಲಿ ಹುಟ್ಟಿದವನಾಗಿ ಅರಿಕೆ ಮಾಡುತ್ತಿದ್ದೇನೆ. ಇವನಿಂದ ಕೊಡಿಸಿದ ಮಾತನ್ನು ಈ ನೀರಿನಲ್ಲಿ ಬಿಡಿಸಿದ್ದೇನೆ. ಬರೆಯಲು ಹೇಳಿದವನು ನಾನು. ತಪ್ಪಾದರೆ ಇವನ ಹೊಸ್ತಿಲು ಮೆಟ್ಟಬೇಡ. ನನ್ನಲ್ಲಿಗೆ ಬಾ.”

ಅಣ್ಣನವರು ಜಗಲಿಯಿಂದ ಧಡಧಡನೆ ಇಳಿದು ಬಂದರು. “ಹಯಗ್ರೀವ, ನಿನಗೆ ತಲೆ ಸಮ ಉಂಟಾ? ನಿನ್ನ ಪಾಲಿನ ಅನ್ನವೂ ಆ ಗದ್ದೆಯಿಂದಲೇ ಬರುವುದಲ್ಲವಾ?”

“ಬರುತ್ತಿತ್ತು ಅಣ್ಣ. ಅದಕ್ಕೇ ಹೇಳುವ ಅಧಿಕಾರ ನನಗೆ ಉಂಟು.”

ಡಿಕ್ಲರೇಶನ್ನಿಗೆ ಒತ್ತಿದ ಕೂಸಪ್ಪನ ಹೆಬ್ಬೆಟ್ಟು ಒರೆಸಿಹೋಯಿತು. ರಾಯರು ಬೇರೆ ಫಾರಮು ತುಂಬಿ ಮತ್ತೊಮ್ಮೆ ಒತ್ತಿಸಿದರು.

ಭೂನ್ಯಾಯಮಂಡಳಿಯ ವಿಚಾರಣೆ ಉಡುಪಿಯಲ್ಲಿ. ಅಣ್ಣನವರು ಹಳೆಯ ಪಹಣಿ ಮುಂದಿಟ್ಟು, “ಇಲ್ಲಿ ಸ್ವಂತ ಎಂದು ಬರೆದಿದೆ, ನೋಡಿ” ಎಂದರು. ಕೂಸಪ್ಪನಲ್ಲಿ ತೋರಿಸಲು ಒಂದು ಚೀಟಿಯೂ ಇರಲಿಲ್ಲ. ಗದ್ದೆ ಕೈಬಿಟ್ಟಿತೆಂದೇ ಅವನು ಗೋಡೆಗೆ ಒರಗಿದ. ಆಗ ಅಧ್ಯಕ್ಷರು ಗ್ರಾಮಕರಣಿಕರನ್ನು ಕರೆದರು.

“ಈ ಅಕ್ಷರ ಯಾರದ್ದು?”

“ನನ್ನ ಅಜ್ಜನದ್ದು.”

“ಸರಿಯಾಗಿದೆಯೇ?”

ರಾಯರು ಪಹಣಿಯನ್ನು ಎರಡೂ ಕೈಗಳಲ್ಲಿ ಹಿಡಿದು ತುಸು ಹೊತ್ತು ನೋಡಿದರು. ಆ ಅಕ್ಷರ ತಿದ್ದಿಯೇ ಅವರು ಬರೆಯಲು ಕಲಿತದ್ದು. “ಸುಳ್ಳು” ಎಂದರು. “ನಾನು ಬುದ್ಧಿ ಬಂದಂದಿನಿಂದ ಆ ಗದ್ದೆಯಲ್ಲಿ ಕಂಡದ್ದು ಕೂಸಪ್ಪನ ಮನೆಯವರನ್ನೇ. ನಮ್ಮ ಮನೆಯವರ ಕಾಲಿಗೆ ಅದರ ಕೆಸರು ಹತ್ತಿದ್ದಿಲ್ಲ.”

ಗದ್ದೆ ಕೂಸಪ್ಪನಿಗಾಯಿತು. ಆ ಸಂಜೆ ಮನೆಯ ಬಾಗಿಲು ರಾಯರ ಪಾಲಿಗೆ ಮುಚ್ಚಿತು. ಹೆಂಡತಿ ವೇದಾವತಮ್ಮನನ್ನು ಕರೆದುಕೊಂಡು, ಎರಡು ಟ್ರಂಕಿನೊಡನೆ, ಪರ್ಕಳದ ಒಂದು ಬಾಡಿಗೆ ಕೋಣೆ ಸೇರಿದರು. ಕಾರ್ಕಳಕ್ಕೆ ವರ್ಗವಾದ ಮೇಲೂ ಅಲ್ಲಿಂದಲೇ ಬಸ್ಸಿನಲ್ಲಿ ಓಡಾಡಿದರು. ಅಣ್ಣನವರು ಮತ್ತೆಂದೂ ಮುಖ ಕೊಟ್ಟು ಮಾತಾಡಲಿಲ್ಲ. ಆ ದುಃಖವನ್ನು ರಾಯರು ಯಾರ ಮುಂದೆಯೂ ತೋಡಿಕೊಂಡವರಲ್ಲ.

ಎಂಬತ್ತೈದರ ಕೊನೆಗೆ ಅವರು ಹಾಸಿಗೆ ಹಿಡಿದರು. ಮಣಿಪಾಲದ ಆಸ್ಪತ್ರೆಯಿಂದ ಕೋಣೆಗೆ ಮರಳಿದ್ದಾರೆಂದು ಕೇಳಿದ್ದೇ ತಡ, ಕೂಸಪ್ಪ ಆ ಗದ್ದೆಯ ಹೊಸ ಅಕ್ಕಿಯನ್ನು ಬೈಹುಲ್ಲಿನಲ್ಲಿ ಮುಡಿ ಕಟ್ಟಿ, ಬಸ್ಸಿನ ಮೇಲೆ ಹಾಕಿಸಿ, ಪರ್ಕಳದಲ್ಲಿಳಿದು ತಲೆಯ ಮೇಲೆ ಹೊತ್ತು ಬಂದ. ಮೂರು ತಲೆಮಾರು ಅವನ ಮನೆಯಿಂದ ಧನಿಗಳ ಮನೆಗೆ ಗೇಣಿ ಹೋದದ್ದು ಹೀಗೆಯೇ, ಮುಡಿ ಕಟ್ಟಿ, ತಲೆಯ ಮೇಲೆ. ಪ್ರೀತಿಯ ಭರದಲ್ಲಿ ಅದು ಅವನಿಗೆ ಹೊಳೆದಿರಲಿಲ್ಲ.

“ಅಮ್ಮಾ, ಒಳಗೆ ಇಡಲಾ?” ಎಂದ. ವೇದಾವತಮ್ಮ ಗಂಡನ ಮುಖ ನೋಡಿದರು. ರಾಯರು ದಿಂಬಿಗೆ ಮೊಣಕೈ ಊರಿ ಎದ್ದು ಕೂತರು.

“ಒಳಗೆ ಇಳಿಸಬೇಡ ಕೂಸಪ್ಪ. ನೀನು ಪ್ರೀತಿಯಿಂದ ತಂದದ್ದು, ಗೊತ್ತುಂಟು. ಆದರೆ ಆ ಗದ್ದೆಯ ಮುಡಿ ನಿನ್ನ ತಲೆಯ ಮೇಲೆ ನನ್ನ ಬಾಗಿಲಿಗೆ ಬಂದರೆ ಅದು ಗೇಣಿ ಮಾರಾಯ, ನೀನು ಏನೇ ಹೆಸರು ಹೇಳು. ನನಗೆ ಬೇಡ. ಜಗಲಿಯಲ್ಲಿಟ್ಟು ಕೈಕಾಲು ತೊಳೆದು ಬಾ, ಅವಳು ಗಂಜಿ ಬಡಿಸುತ್ತಾಳೆ. ಉಂಡು, ನಾಲ್ಕು ಗಂಟೆಯ ಬಸ್ಸಿಗೆ ಅದನ್ನು ಮನೆಗೆ ಕೊಂಡುಹೋಗು.”