ಗ್ಯಾರೇಜಿನಲ್ಲಿ ಮಾತ್ರ ಸ್ಟಾರ್ಟ್ ಆಗುವ ಕಾರು

ಸೂಜಿ ಅಕ್ಕನನ್ನು ನಾನು ಮೊದಲು ಕಂಡದ್ದು ನನ್ನ ಸಕ್ಕರೆ ಪರೀಕ್ಷೆಯ ದಿನ. ಬೆಳಗ್ಗೆ ಏನೂ ತಿನ್ನದೆ ಇರಬೇಕು ಎಂದು ಡಾಕ್ಟರು ಹೇಳಿದ್ದರು. ಒಂದು ಲೋಟ ನೀರು ಕುಡಿದು, ಮುಂಬಾಗಿಲು ತೆರೆದಿಟ್ಟು ಕೂತಿದ್ದೆ. ಲ್ಯಾಬಿನಿಂದ ರಕ್ತ ತೆಗೆಯಲು ಬಂದವಳು ಸಣಕಲು ಮೈಯ ಹೆಂಗಸು. ನನ್ನ ಕಿರಿ ಮಗಳ ವಯಸ್ಸಿರಬಹುದು. ಬೀದಿಯ ಮಕ್ಕಳು ಅವಳಿಗೆ ಸೂಜಿ ಅಕ್ಕ ಎಂದು ಹೆಸರಿಟ್ಟಿದ್ದು ನನಗೆ ಆಮೇಲೆ ಗೊತ್ತಾಯಿತು.

"ನನ್ನ ನರ ಯಾರಿಗೂ ಸಿಗಲ್ಲ ಕಣಮ್ಮ. ಹೋದ ಸಲ ಕೈಯೆಲ್ಲ ಜರಡಿ ಮಾಡಿ ಹೋದ್ರು," ಅಂದೆ.

"ನರ ನನ್ನ ಮಾತು ಕೇಳುತ್ತೆ ಅಜ್ಜಿ. ಕಾರೇ ಕೇಳಲ್ಲ."

ಅವಳು ಹೇಳಿದ್ದು ತಮಾಷೆ ಅಂದುಕೊಂಡೆ. ನೋವೇ ಆಗದ ಹಾಗೆ ರಕ್ತ ತೆಗೆದು, ಹತ್ತಿ ಒತ್ತಿ, ಹೊರಗೆ ಹೋದಳು. ಆಮೇಲೆ ಕಾರಿನಿಂದ ಟಕ್ ಎಂಬ ಸದ್ದು ಕೇಳಿತು. ಮತ್ತೆ ಟಕ್. ಇಂಜಿನ್ ಏಳಲೇ ಇಲ್ಲ. ನಾನು ಬಾಗಿಲಿಗೆ ಬಂದು ನಿಂತೆ. ಅವಳು ಬೀದಿಯ ಆ ಕಡೆ ಈ ಕಡೆ ನೋಡಿದಳು. ತಳ್ಳುವುದಕ್ಕೆ ಒಬ್ಬ ಗಂಡಸೂ ಕಾಣಲಿಲ್ಲ. ಕಡೆಗೆ ನನ್ನನ್ನು ನೋಡಿದಳು.

"ಅಜ್ಜಿ, ಪಕ್ಕದ ಸೀಟಲ್ಲಿ ಕೂತು ಸ್ಟೀರಿಂಗ್ ನೇರ ಹಿಡ್ಕೋತೀರಾ? ತಳ್ಳೋದು ನಾನು."

"ಹೊಲಿಗೆ ಮೆಷಿನ್ನಿನ ಚಕ್ರ ಬಿಟ್ಟು ಬೇರೆ ಚಕ್ರ ಮುಟ್ಟಿದವಳಲ್ಲಮ್ಮ ನಾನು."

"ಅದೇ ಥರ. ಬಟ್ಟೆ ಮಾತ್ರ ಇಲ್ಲ."

ನಮ್ಮ ಬೀದಿ ಸ್ವಲ್ಪ ಇಳಿಜಾರು. ತೆರೆದ ಬಾಗಿಲಿಗೆ ಭುಜ ಕೊಟ್ಟು ಅವಳು ತಳ್ಳುತ್ತಾ ಓಡಿದಳು. ನಾನು ಓರೆಯಾಗಿ ಬಾಗಿ ಎರಡು ಕೈಯಲ್ಲೂ ಚಕ್ರ ಹಿಡಿದು, ಎದುರಿನ ಗೋಡೆ ಹತ್ತಿರ ಹತ್ತಿರ ಬರುವುದನ್ನು ನೋಡುತ್ತಿದ್ದೆ. ಗೋಡೆ ಇನ್ನೇನು ಬಂತು ಅನ್ನುವಾಗ ಅವಳು ಹಾರಿ ಒಳಗೆ ಕೂತು ಏನೋ ಒತ್ತಿದಳು. ಕಾರು ಕೆಮ್ಮಿ, ಕುಲುಕಿ, ಎದ್ದಿತು.

"ಇಳೀತೀನಿ, ನಿಲ್ಸು," ಅಂದೆ.

"ನಿಲ್ಸಿದ್ರೆ ಮತ್ತೆ ಸ್ಟಾರ್ಟ್ ಆಗಲ್ಲ ಅಜ್ಜಿ! ಇನ್ನು ನಾಲ್ಕೇ ಮನೆ. ದಮ್ಮಯ್ಯ ಅಂತೀನಿ, ಇಳೀಬೇಡಿ."

ಮನೆ ಚಪ್ಪಲಿಯಲ್ಲಿ, ಬಾಗಿಲು ತೆರೆದಿಟ್ಟು, ಹಸಿದ ಹೊಟ್ಟೆಯಲ್ಲಿ ನಾನು ಅವಳ ಜೊತೆ ಲ್ಯಾಬಿನವರೆಗೆ ಹೋದೆ. ಪ್ರತಿ ಮನೆಯ ಮುಂದೂ ಇಂಜಿನ್ ಓಡುತ್ತಲೇ ಇತ್ತು, ಅವಳು ಒಳಗೆ ಹೋದಾಗ ಕಾರು ಕಾಯುವ ಕೆಲಸ ನನ್ನದು. ಹಿಂದಿನ ಸೀಟಿನಲ್ಲಿ ಒಂದು ಬಿಳಿ ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು. ರಕ್ತದ ಸೀಸೆಗಳನ್ನು ತಣ್ಣಗಿಡುವ ಪೆಟ್ಟಿಗೆ ಅದು; ಕರೆಂಟಿನಲ್ಲಿ ನಡೆಯುವಂಥದ್ದು. ಮೊದಲು ಐಸು ತುಂಬುವ ಡಬ್ಬಿ ಇತ್ತಂತೆ. ಬೇಸಿಗೆ ಶುರುವಾದಾಗ ಲ್ಯಾಬಿನವರು ಇದನ್ನು ಕೊಟ್ಟರಂತೆ.

ಆ ದಿನವೇ ಅವಳ ಸಂಸಾರದ ವಿಷಯ ಗೊತ್ತಾಯಿತು. ಗಂಡ ಕಾಗದ ಕತ್ತರಿಸುವ ಕಾರ್ಖಾನೆಯಲ್ಲಿದ್ದ. ಬಲಗೈ ಯಂತ್ರಕ್ಕೆ ಸಿಕ್ಕಿ ಬೆರಳುಗಳು ಹೋದವು. ಮನೆ ನಡೆಯುವುದು ಇವಳ ರೂಟಿನಿಂದ, ಅಂದರೆ ಲ್ಯಾಬಿನವರು ಇವಳಿಗೆ ಕೊಟ್ಟ ಮನೆಗಳ ಸುತ್ತಿನಿಂದ. ರಕ್ತ ಹೊತ್ತಿಗೆ ಸರಿಯಾಗಿ ತಲುಪದಿದ್ದರೆ ಕೆಡುತ್ತದೆ. ಮೂರು ಸಲ ತಡವಾದರೆ ರೂಟು ಬೇರೆಯವರಿಗೆ. ಇವಳಿಗೆ ಆಗಲೇ ಒಂದು ಸಲ ಆಗಿತ್ತು.

"ಕಾರು ನಿಂತ್ರೆ ನಾವೂ ನಿಂತ ಹಾಗೇ ಅಜ್ಜಿ," ಅಂದಳು. ಕಣ್ಣು ರಸ್ತೆಯ ಮೇಲಿತ್ತು, ಕಿವಿ ಇಂಜಿನ್ನಿನ ಮೇಲೆ.

ನಮ್ಮ ಮನೆಯಿಂದ ಎರಡು ತಿರುವು ಆಚೆ ಒಂದು ಗ್ಯಾರೇಜಿದೆ. ಅಲ್ಲಿಯ ಮೇಸ್ತ್ರಿಗೆ ಎಲ್ಲರೂ 'ನೋಡೋಣ' ಎನ್ನುತ್ತಾರೆ. ಏನು ಕೇಳಿದರೂ ಅವನ ಉತ್ತರ ಅದೊಂದೇ. ಎಷ್ಟಾಗುತ್ತೆ? ನೋಡೋಣ. ಯಾವಾಗ ಸಿಗುತ್ತೆ? ನೋಡೋಣ. ಅವನ ಹೆಂಡತಿ ಕೂಡ ಅವನನ್ನು ನೋಡೋಣ ಅಂತಲೇ ಒಪ್ಪಿದ್ದಳಂತೆ, ಹಾಗೆಂದು ಅವನೇ ಹೇಳಿ ನಗುತ್ತಿದ್ದ. ನಮ್ಮ ಕಡೆ ಕಾರಿದ್ದವರೆಲ್ಲ ಒಂದು ಪದ್ಧತಿ ಇಟ್ಟುಕೊಂಡಿದ್ದಾರೆ. ಕಾರನ್ನು ಗ್ಯಾರೇಜಿನಲ್ಲಿ ಒಂಟಿಯಾಗಿ ಬಿಡುವುದಿಲ್ಲ. ಮನೆಯವರು ಒಬ್ಬರು ಸ್ಟೂಲು ಹಾಕಿಕೊಂಡು ಎದುರಿಗೆ ಕೂರಬೇಕು. ಇಲ್ಲದಿದ್ದರೆ ಒಳ್ಳೆಯ ಸಾಮಾನು ಬಿಚ್ಚಿ ಹಳೆಯದು ಹಾಕುತ್ತಾರೆ ಎಂಬ ಗುಮಾನಿ. ನೋಡೋಣ ಮೇಸ್ತ್ರಿ ಅಂಥವನಲ್ಲ, ಆದರೂ ಪದ್ಧತಿ ಪದ್ಧತಿಯೇ.

ಸೂಜಿ ಅಕ್ಕನಿಗೆ ಕೂರಲು ಪುರುಸೊತ್ತಿಲ್ಲ. ಗಂಡನಿಗೆ ನಾಲ್ಕು ಜನರ ಎದುರು ಆ ಕೈ ತೋರಿಸಲು ಇಷ್ಟವಿಲ್ಲ. ಹೀಗಾಗಿ ನಾನು ಕೂತೆ.

ಗ್ಯಾರೇಜಿಗೆ ಹೋಗುವ ಮೊದಲು ಅವಳು ಪ್ರತಿ ಸಲವೂ ಆ ಬಿಳಿ ಪೆಟ್ಟಿಗೆಯನ್ನು ಇಳಿಸಿ ನನ್ನ ನಡುಮನೆಯಲ್ಲಿ ಇಡುತ್ತಿದ್ದಳು. ಲ್ಯಾಬಿನ ಸೊತ್ತು, ಎಣ್ಣೆ ಕೈ ತಾಗಬಾರದು. ಇಳಿಸುವಾಗ ಒಮ್ಮೆ, ಮ್ಯಾಟಿನ ಕೆಳಗಿನಿಂದ ಬಂದ ಕೆಂಪು ವೈರನ್ನು ತೋರಿಸಿ ಹೇಳಿದಳು:

"ಇದು ನಮ್ಮೆಜಮಾನ್ರು ಎಳೆದದ್ದು ಅಜ್ಜಿ. ಎಡಗೈಲಿ! ಕಾರು ಆಫ್ ಮಾಡಿದ್ರೂ ಪೆಟ್ಟಿಗೆ ನಡೀತಾ ಇರುತ್ತೆ. ನಾನು ಒಳಗೆ ರಕ್ತ ತೆಗೀತಾ ಇದ್ರೆ ಇಲ್ಲಿ ತಣ್ಣಗೇ ಇರುತ್ತೆ. ಇದನ್ನ ಮಾಡಿದ ದಿನ ಅವರು ಎಷ್ಟೋ ತಿಂಗಳಾದ ಮೇಲೆ ಹೊಟ್ಟೆ ತುಂಬ ಊಟ ಮಾಡಿದ್ರು."

ಮೊದಲ ಸಲ ಗ್ಯಾರೇಜಿನಲ್ಲಿ ಮೇಸ್ತ್ರಿ ಕೀ ತಿರುಗಿಸಿದ. ಕಾರು ಒಂದೇ ಸಲಕ್ಕೆ ಎದ್ದಿತು. ಇನ್ನೊಮ್ಮೆ ತಿರುಗಿಸಿದ, ಆಗಲೂ ಎದ್ದಿತು.

"ನಿಮ್ಮ ಕಾರಿಗೆ ನನ್ನ ಕಂಡ್ರೆ ಭಯ ಅಕ್ಕಾ. ಮನೇಲಿ ಹಟ, ಮೇಷ್ಟ್ರ ಮುಂದೆ ಕೈಕಟ್ಟು."

"ನಗಬೇಡಿ ಮೇಸ್ತ್ರಿ," ಅಂದಳು ಕಾರು ಬಿಡಲು ಬಂದಿದ್ದ ಸೂಜಿ ಅಕ್ಕ. "ನಾಳೆ ಬೆಳಗ್ಗೆ ನಿಂತ್ರೆ?"

"ಬ್ಯಾಟರಿ ಹಳೇದು. ಬದಲಾಯಿಸಿ ನೋಡೋಣ."

ಹೊಸ ಬ್ಯಾಟರಿಗೆ ಒಂದು ತಿಂಗಳ ಮನೆ ಬಾಡಿಗೆಯಷ್ಟು ಹೋಯಿತು. ಅವಳು ಗಂಡನಿಗೆ ಅದರ ಅರ್ಧ ಬೆಲೆ ಹೇಳಿದಳು. ಸ್ವಲ್ಪ ದಿನ ಕಾರು ಚೆನ್ನಾಗಿತ್ತು. ಆಮೇಲೆ ಮತ್ತೆ ಅದೇ ಟಕ್. ಮತ್ತೆ ಪೆಟ್ಟಿಗೆ ನನ್ನ ನಡುಮನೆಗೆ, ಕಾರು ಗ್ಯಾರೇಜಿಗೆ, ನಾನು ಸ್ಟೂಲಿಗೆ. ಈ ಸಲ ಡೈನಮೋ ಬಿಚ್ಚಿದ. ಓಡುವಾಗ ಬ್ಯಾಟರಿಗೆ ಕರೆಂಟು ತುಂಬುವುದು ಅದೇ, ಅದರ ಒಳಗಿನ ಇದ್ದಿಲಿನ ತುಂಡು ಸವೆದಿದೆ ಎಂದು ತೋರಿಸಿದ. ಸವೆದದ್ದು ನಿಜ, ನಾನೇ ಬೆರಳಿಟ್ಟು ನೋಡಿದೆ. ಅದನ್ನು ಹಾಕಿಸಿದ್ದಾಯಿತು. ಅದಾದ ಮೇಲೆ ಸೆಲ್ಫು, ಎಂದರೆ ಕೀ ತಿರುಗಿಸಿದಾಗ ಇಂಜಿನ್ನನ್ನು ಎಬ್ಬಿಸುವ ಸಣ್ಣ ಮೋಟಾರು. ಹೊಸದಕ್ಕೆ ಕೈಯಲ್ಲಿ ದುಡ್ಡಿಲ್ಲ. ಗುಜರಿಯಿಂದ ಒಂದನ್ನು ಹುಡುಕಿ ತಂದು ಹಾಕಿದ.

ಅಷ್ಟರಲ್ಲಿ ಎರಡನೆಯ ಸಲವೂ ತಡವಾಗಿತ್ತು. ಅವಳು ಕೀ ತಿರುಗಿಸುವ ಮುಂಚೆ ಕಣ್ಣು ಮುಚ್ಚಿಕೊಳ್ಳುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಇಂಜಿನ್ ಎದ್ದರೆ ಉಸಿರು ಬಿಟ್ಟು ಕಣ್ಣು ತೆರೆಯುತ್ತಿದ್ದಳು. ಏಳದಿದ್ದರೆ ಮುಚ್ಚಿದ ಕಣ್ಣು ಮುಚ್ಚಿಯೇ ಇರುತ್ತಿತ್ತು.

ಆಮೇಲೊಂದು ದಿನ ಕಾರು ನಿಂತದ್ದು ತರಕಾರಿ ಅಂಗಡಿಯ ಮುಂದೆ. ಇನ್ನು ತಡವಾದರೆ ಅದು ಮೂರನೆಯ ಸಲ. ಎಲ್ಲ ಮನೆ ಮುಗಿದಿತ್ತು, ಪೆಟ್ಟಿಗೆ ತುಂಬ ಸೀಸೆಗಳಿದ್ದವು. ತರಕಾರಿಯವನ ವ್ಯಾನಿಗೆ ಹಗ್ಗ ಕಟ್ಟಿ ಕಾರನ್ನು ಎಳೆಸಿಕೊಂಡು, ನನ್ನ ಬಾಗಿಲಲ್ಲಿ "ಅಜ್ಜೀ!" ಎಂದು ಒಂದೇ ಕೂಗು ಹಾಕಿ, ನೇರ ಗ್ಯಾರೇಜಿಗೆ ಹೋದಳು. ಪೆಟ್ಟಿಗೆ ಇಳಿಸುವುದು ಆ ಗಾಬರಿಯಲ್ಲಿ ಯಾರಿಗೂ ನೆನಪಾಗಲಿಲ್ಲ.

ನಾನು ಹೋಗುವ ಹೊತ್ತಿಗೆ ಮೇಸ್ತ್ರಿ ಮುಂದಿನ ಮುಚ್ಚಳ ಎತ್ತಿದ್ದ. ಒಮ್ಮೆಲೇ ತಲೆ ಎತ್ತಿ, "ಏನದು ಗುಂಯ್ ಅಂತಿರೋದು?" ಅಂದ.

"ಪೆಟ್ಟಿಗೆ," ಅಂದಳು ಅವಳು. "ರಕ್ತದ್ದು."

"ಕೀ ನನ್ನ ಜೇಬಲ್ಲಿದೆ. ಅದು ಹೇಗೆ ನಡೀತಾ ಇದೆ?"

ಅವನು ಕೆಂಪು ವೈರನ್ನು ಹಿಡಿದು, ಪೆಟ್ಟಿಗೆಯಿಂದ ಬ್ಯಾಟರಿಯವರೆಗೆ ಬೆರಳಾಡಿಸಿಕೊಂಡು ಬಂದ. ತುದಿಗೆ ಬಂದವನು ನೆಲಕ್ಕೆ ಕೂತೇ ಬಿಟ್ಟ.

"ಈ ವೈರ್ ನಾನು ಮೊದಲನೇ ದಿನವೇ ನೋಡಿದ್ದೆ ಅಕ್ಕಾ. ಹಳೇ ಕಾರು, ಯಾರೋ ಏನೋ ಎಳೆದಿರ್ತಾರೆ, ತುದೀಲಿ ಏನೂ ಇಲ್ಲದ ವೈರ್ ಏನು ತಿನ್ನುತ್ತೆ ಅಂತ ಬಿಟ್ಟೆ. ತುದೀಲಿ ಇದು ಇರುತ್ತೆ ಅಂತ ಯಾಕೆ ಹೇಳಲಿಲ್ಲ?"

"ನೀವು ಕಾರಿನ ವಿಷಯ ಕೇಳಿದ್ರಿ. ಇದು ಲ್ಯಾಬಿಂದು."

"ಬೆಳಗ್ಗೆ ಎಷ್ಟು ಹೊತ್ತಿಗೆ ಹಾಕ್ತೀರಿ ಇದನ್ನ?"

"ಎದ್ದ ತಕ್ಷಣ. ಹೊರಡೋದ್ರೊಳಗೆ ತಣ್ಣಗಾಗ್ಲಿ ಅಂತ."

"ಸರಿಹೋಯ್ತು! ಎದ್ದಾಗಿಂದ ಇದು ಕುಡೀತಾ ಇದೆ. ನೀವು ಮನೆಯಿಂದ ಮನೆಗೆ ಎರಡು ಹೆಜ್ಜೆ ಓಡಿಸ್ತೀರಿ, ಅಷ್ಟರಲ್ಲಿ ಡೈನಮೋ ಏನು ತುಂಬೀತು? ಯಾವ ಪುಣ್ಯಾತ್ಮ ಇದನ್ನ ನೇರ ಬ್ಯಾಟರಿಗೆ ಕಟ್ಟಿದ್ದು?"

ಅವಳು ನನ್ನ ಕಡೆ ಒಂದು ಸಲ ನೋಡಿದಳು. "ನಾನೇ," ಅಂದಳು.

ಮೇಸ್ತ್ರಿ ಬೈಯಲು ಬಾಯಿ ತೆರೆದವನು ಅವಳ ಮುಖ ನೋಡಿ ಮುಚ್ಚಿಕೊಂಡ. ರಕ್ತ ತಲುಪಿಸುವ ಹೊತ್ತು ಹತ್ತಿರ ಬರುತ್ತಿತ್ತು. ಬ್ಯಾಟರಿಗೆ ಜೀವ ಬರಲು ಅರ್ಧ ದಿನ ಬೇಕು; ತಳ್ಳಿ ಎಬ್ಬಿಸಿದರೂ ನಡುದಾರಿಯಲ್ಲಿ ನಿಲ್ಲಬಹುದು. ತರಕಾರಿಯವನ ವ್ಯಾನು ಆಗಲೇ ಹೊರಟುಹೋಗಿತ್ತು, ಬಾಡಿಗೆ ಗಾಡಿಗೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ.

ಪಕ್ಕದಲ್ಲಿ ಬಟ್ಟೆ ಅಂಗಡಿ ಯಜಮಾನರ ಬಿಳಿ ಕಾರು ನಿಂತಿತ್ತು. ಮೇಸ್ತ್ರಿ ಆಗ ತಾನೇ ಅದಕ್ಕೆ ಹೊಸ ಬ್ರೇಕು ಹಾಕಿದ್ದ. ಗಿರಾಕಿಯ ಕಾರನ್ನು ತನ್ನ ಕೆಲಸಕ್ಕೆ ಬೀದಿಗೆ ಇಳಿಸಿದ ಮೇಸ್ತ್ರಿಯ ಹತ್ತಿರ ಆಮೇಲೆ ಯಾರೂ ಕಾರು ಬಿಡುವುದಿಲ್ಲ. ಅದು ಅವನಿಗೂ ಗೊತ್ತು, ನಮಗೂ ಗೊತ್ತು. ಅವನು ಆ ಕಾರನ್ನು ನೋಡಿದ, ಕೈ ಒರೆಸಿಕೊಂಡ.

"ಹತ್ತಿ ಅಕ್ಕಾ. ಅಜ್ಜಿ, ನೀವು ಇಲ್ಲೇ ಇರಿ. ಯಾರಾದ್ರೂ ಬಂದ್ರೆ ನೋಡೋಣ ಅನ್ನಿ."

ಅವರಿಬ್ಬರು ಹೋದ ಧೂಳು ಇನ್ನೂ ಕೂತಿರಲಿಲ್ಲ, ಬಟ್ಟೆ ಅಂಗಡಿ ಯಜಮಾನರು ನಡೆದುಕೊಂಡು ಬಂದೇ ಬಿಟ್ಟರು.

"ನನ್ನ ಕಾರೆಲ್ಲಿ?"

"ಬ್ರೇಕ್ ಸರಿ ಇದೆಯಾ ಅಂತ ಓಡಿಸಿಕೊಂಡು ಹೋಗಿದ್ದಾರೆ. ಕೂತ್ಕೊಳ್ಳಿ." ನನ್ನ ಸ್ಟೂಲನ್ನೇ ಕೊಟ್ಟೆ.

"ಯಾವಾಗ ಬರ್ತಾನೆ?"

"ನೋಡೋಣ."

ಅವರು ಕೂತರು, ಎದ್ದರು, ಬೀದಿಯವರೆಗೆ ಹೋಗಿ ಬಂದರು. "ಬ್ರೇಕ್ ನೋಡೋಕೆ ಇಷ್ಟು ಹೊತ್ತಾ? ಬ್ರೇಕ್ ಹಿಡೀದೆ ಊರೇ ದಾಟಿಬಿಟ್ನಾ ಹೇಗೆ?"

"ಮೇಲಿನ ಏರಿನಲ್ಲೂ ನೋಡಬೇಕಂತೆ," ಅಂದೆ. ಏರು ಎಲ್ಲಿದೆ ಎಂದು ಅವರು ಕೇಳುವ ಮುಂಚೆಯೇ ಮಾತು ತಿರುಗಿಸಿದೆ. ಅವರ ಅಂಗಡಿಯಲ್ಲಿ ಹೊಸದಾಗಿ ಬಂದಿದ್ದ ಅಸ್ತರಿನ ಬಟ್ಟೆ ಒಗೆದರೆ ಕುಗ್ಗುತ್ತದೆಯೇ ಎಂದು ಕೇಳಿದೆ. ಅವರು ಕುಗ್ಗುವುದಿಲ್ಲ ಎಂದು ಸಿಟ್ಟಿನಲ್ಲೇ ವಿವರಿಸಲು ಶುರುಮಾಡಿದರು. ನಾನು ಕುಗ್ಗುತ್ತದೆ ಎಂದೆ. ಅವರಿಗೆ ಇನ್ನೂ ಸಿಟ್ಟು ಬಂತು, ಆದರೆ ಕಾರಿನ ಮೇಲಿನ ಸಿಟ್ಟಲ್ಲ. ಅವರು ಮಾತಾಡುತ್ತಿದ್ದರೆ ನಾನು ಬೀದಿಯ ತಿರುವನ್ನೇ ನೋಡುತ್ತಿದ್ದೆ. ಲ್ಯಾಬಿನ ಬಾಗಿಲಲ್ಲಿ ಅವಳಿಗೆ ಏನು ಹೇಳುತ್ತಿರಬಹುದು ಎಂದೇ ನನಗೆ ಯೋಚನೆ.

ಬಿಳಿ ಕಾರು ತಿರುವಿನಲ್ಲಿ ಕಂಡಿತು. ಸೂಜಿ ಅಕ್ಕ ಇಳಿದಳು. ಖಾಲಿ ಪೆಟ್ಟಿಗೆ ಅವಳ ಕಂಕುಳಲ್ಲಿತ್ತು. ನನ್ನ ಕಡೆ ನೋಡಿ ತಲೆಯಾಡಿಸಿದಳು. ತಗೊಂಡರು ಎಂದು ಅರ್ಥ.

"ಬ್ರೇಕ್ ಬಹಳ ಚೆನ್ನಾಗಿದೆ ಸಾರ್," ಅಂದ ಮೇಸ್ತ್ರಿ. "ಎಲ್ಲ ಸಿಗ್ನಲ್ಲಲ್ಲೂ ಹಾಕಿ ನೋಡ್ದೆ."

ಯಜಮಾನರು ಬಾಗಿಲು ತೆರೆದು ಮೂಗು ಮುಚ್ಚಿಕೊಂಡರು. "ಏನಯ್ಯ ಇದು, ಕಾರೆಲ್ಲ ಆಸ್ಪತ್ರೆ ವಾಸನೆ!"

ಅವಳು ಮುಂದೆ ಬಂದು ನಡೆದದ್ದನ್ನೆಲ್ಲ ಹೇಳಿದಳು. ಅವರು ಬೈದರು. ಬೈದು ಮುಗಿಸಿ ಬ್ರೇಕಿನ ದುಡ್ಡಿನಲ್ಲಿ ಅರ್ಧ ಮುರಿದುಕೊಂಡರು. ಮತ್ತೆ ಆ ಗ್ಯಾರೇಜಿಗೆ ಅವರು ಬರಲಿಲ್ಲ. ನಾನು ಮೊದಲೇ ಕೊಂಡಿದ್ದ ಅಸ್ತರಿನ ಬಟ್ಟೆ ಒಗೆದಾಗ ಕುಗ್ಗಿದ ವಿಷಯ ಹೇಳಲು ನಾನೂ ಅವರ ಅಂಗಡಿಗೆ ಹೋಗಲಿಲ್ಲ.

ಕಾರಿಗೆ ಮೇಸ್ತ್ರಿ ಮಾಡಿದ್ದು ಸಣ್ಣ ಕೆಲಸ. ಇಂಜಿನ್ ಓಡುವಾಗ ಮಾತ್ರ ಪೆಟ್ಟಿಗೆಗೆ ಕರೆಂಟು ಹೋಗುವ ಹಾಗೆ ಮ್ಯಾಟಿನ ಕೆಳಗೇ ಒಂದು ಸಾಮಾನು ಸೇರಿಸಿದ. ಮನೆಗಳ ಮುಂದೆ ನಿಂತಾಗ ಒಳಗೆ ಎರಡು ಐಸಿನ ಚೀಲ ಇಡಬೇಕು, ಅಷ್ಟೇ. ಅದಕ್ಕೆ ತಗುಲಿದ್ದು ಒಂದು ಹೊತ್ತಿನ ಊಟದ ದುಡ್ಡು. ಆ ದುಡ್ಡು ಕೊಡುವಾಗ ಅವಳು ನಕ್ಕಳು, ನಗು ಅರ್ಧಕ್ಕೇ ನಿಂತಿತು. ಬ್ಯಾಟರಿ, ಡೈನಮೋ, ಸೆಲ್ಫು ಎಲ್ಲ ಅವಳ ಕಣ್ಣ ಮುಂದೆ ಬಂದಿರಬೇಕು. ಮೇಸ್ತ್ರಿಯೂ ತಲೆ ಎತ್ತಲಿಲ್ಲ. "ಡೈನಮೋ ಸವೆದಿದ್ದು ಮಾತ್ರ ನಿಜ ಅಕ್ಕಾ," ಎಂದು ಎರಡು ಸಲ ಹೇಳಿದ.

ಆಮೇಲೆ ಕಾರು ಎಲ್ಲೂ ನಿಲ್ಲಲಿಲ್ಲ. ಅವಳು ಮಾತ್ರ ಕೀ ತಿರುಗಿಸುವ ಮುಂಚೆ ಕಣ್ಣು ಮುಚ್ಚುವುದನ್ನು ಬಿಡಲಿಲ್ಲ.

ಮುಂದಿನ ಬೇಸಿಗೆಗೆ ಲ್ಯಾಬಿನವರು ಅವಳಿಗೆ ಊರಿನ ಆಚೆ ಬದಿಯ ರೂಟು ಕೊಟ್ಟರು. ಮನೆಗಳು ಹೆಚ್ಚು, ಸಂಬಳವೂ ಸ್ವಲ್ಪ ಹೆಚ್ಚು. ಹೇಳಿ ಹೋಗಲು ಬಂದಿದ್ದಳು. ಇಂಜಿನ್ ಆಫ್ ಮಾಡದೆ ಗೇಟಿನ ಹತ್ತಿರವೇ ನಿಂತಳು. ಖುಷಿಯ ಸುದ್ದಿ ಹೇಳುವವಳ ಮುಖವಲ್ಲ ಅದು.

"ಮತ್ತೇನಮ್ಮ ಚಿಂತೆ?" ಅಂದೆ.

"ಇನ್ನೂ ದೊಡ್ಡ ಪೆಟ್ಟಿಗೆ ಕೊಟ್ಟಿದ್ದಾರೆ ಅಜ್ಜಿ. ನಮ್ಮೆಜಮಾನ್ರು ಆಗ್ಲೇ ವೈರ್ ತಂದಿಟ್ಟುಕೊಂಡಿದ್ದಾರೆ, ದಪ್ಪಂದು. ಹಳೇ ವೈರ್ ಒಂದು ದಿನಾನೂ ತೊಂದ್ರೆ ಕೊಡಲಿಲ್ಲ ನೋಡು, ಇದು ಇನ್ನೂ ಗಟ್ಟಿ, ಈ ಭಾನುವಾರ ಕೂತು ಎಳೆದುಬಿಡ್ತೀನಿ ಅಂತಾರೆ. ಬೆಳಗ್ಗೆಯಿಂದ ಹಾಡು ಬೇರೆ ಗುನುಗ್ತಾ ಇದ್ದಾರೆ."

"ನೀನೇನಂದೆ?"

"ಏನೂ ಅನ್ನಲಿಲ್ಲ." ಕಾರಿನ ಸದ್ದಿಗೆ ಒಂದು ಸಲ ತಿರುಗಿ ನೋಡಿ, ಗೇಟಿನ ಸರಳು ಹಿಡಿದುಕೊಂಡಳು. "ನೀವೇ ಹೇಳಿ ಅಜ್ಜಿ, ಅವರನ್ನ ನಾನು ಏನಂತ ಹೇಳಿ ತಡೀಲಿ?"