ದೇವಣ್ಣನ ನೀರುನಾಯಿ ಸೋತ ಭಾನುವಾರ

ಮಂಕಿಯಲ್ಲಿ ಬಸ್ಸು ಇಳಿದು ಕಡಲಿನ ಕಡೆಯ ರಸ್ತೆ ಹಿಡಿದರೆ ಎರಡನೇ ತಿರುವಿನಲ್ಲಿ ದೇವು ನಾಯ್ಕರ ಹೊಲಿಗೆ ಅಂಗಡಿ. ಅಂಗಡಿ ಕಾಣುವ ಮೊದಲೇ ಅವರ ದನಿ ಕೇಳುತ್ತಿತ್ತು. ಊರಿಗೆಲ್ಲ ಅವರು ದೇವಣ್ಣ. ನನ್ನ ಶಾಲೆಯ ನೀಲಿ ಲಂಗದಿಂದ ಹಿಡಿದು ಬಿ.ಎ. ಮುಗಿದ ವರ್ಷದ ಚೂಡಿದಾರದವರೆಗೆ ನಾನು ಹಾಕಿಕೊಂಡದ್ದನ್ನೆಲ್ಲ ಅವರೇ ಹೊಲಿದರು. ಅಳತೆ ತೆಗೆದರೆ ಬರೆದುಕೊಳ್ಳುತ್ತಿರಲಿಲ್ಲ. ಎಲ್ಲರ ತೋಳು, ಎಲ್ಲರ ಸೊಂಟ ಅವರ ತಲೆಯಲ್ಲೇ ಇರುತ್ತಿತ್ತು.

ಕಾಲು ಯಂತ್ರದ ಮೇಲೆ ಓಡುತ್ತಿದ್ದರೂ ಅವರ ಮನಸ್ಸು ತಾಳಮದ್ದಲೆಯಲ್ಲಿ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹಾಡುತ್ತಾರೆ, ಅರ್ಥ ಹೇಳುವವರು ಎದುರುಬದುರು ಕೂತು ತಮ್ಮ ಪಾತ್ರದ ಪರವಾಗಿ ಮಾತಿನಲ್ಲೇ ಹೋರಾಡುತ್ತಾರೆ. ಆದರೆ ಅದಕ್ಕೊಂದು ಕಟ್ಟಳೆ ಇದೆ. ಮಾತಿನಲ್ಲಿ ಯಾರು ಎಷ್ಟೇ ಮೇಲಾಗಲಿ, ಕತೆಯಲ್ಲಿ ಸೋಲಬೇಕಾದವನು ಕೊನೆಗೆ ಸೋಲಲೇಬೇಕು.

ದೇವಣ್ಣ ಸೋಲುತ್ತಿರಲಿಲ್ಲ.

೧೯೯೮ರ ಚೌತಿಯಲ್ಲಿ ಆದದ್ದನ್ನು ಊರಲ್ಲಿ ಈಗಲೂ ಹೇಳುತ್ತಾರೆ. ಸೋಲುವ ಪಾತ್ರ ದೇವಣ್ಣನದು. ಎದುರಿಗೆ ಕುಮಟೆಯ ಕಡೆಯಿಂದ ಬಂದ ಹೆಸರಾದ ಅರ್ಥಧಾರಿ. ನಮ್ಮೂರ ಸಂಘದ ಭಾಗವತರಾದ ಹರಿಹರ ಭಟ್ಟರು ಶರಣಾಗುವ ಪದ್ಯ ಹಾಡಿದರು. ದೇವಣ್ಣ ಇನ್ನೊಂದು ಪ್ರಶ್ನೆ ಎಸೆದರು. ಭಟ್ಟರು ಅದೇ ಪದ್ಯವನ್ನು ಮತ್ತೆ ಹಾಡಿದರು. ದೇವಣ್ಣ ಮತ್ತೊಂದು ನ್ಯಾಯ ಎತ್ತಿದರು. ಮೂರನೇ ಸಲ ಭಟ್ಟರು ಪದ್ಯ ಮುಗಿಸಿ ಮಂಗಳವನ್ನೂ ಹಾಡಿ ತಾಳ ಕೆಳಗಿಟ್ಟುಬಿಟ್ಟರು. ಬಂದ ಅತಿಥಿ ಊಟಕ್ಕೂ ನಿಲ್ಲದೆ ಹೊರಟುಹೋದರು. ಆಮೇಲೆ ಸಂಘದವರು ದೇವಣ್ಣನಿಗೆ ಪಾತ್ರ ಕೊಡಲಿಲ್ಲ. ಕೇಳಲು ಕರೆಯುತ್ತಿದ್ದರು. ಅವರು ಹೋಗುತ್ತಿರಲಿಲ್ಲ.

ಐದು ವರ್ಷ ಹೀಗೆಯೇ ಕಳೆಯಿತು. ಅಂಗಡಿಯಲ್ಲಿ ಗುಂಡಿ ಹಚ್ಚಿಸಲು ಬಂದವರ ಮುಂದೆ ಅವರು ಅರ್ಧ ಗಂಟೆ ಅರ್ಥ ಹೇಳುತ್ತಿದ್ದರು. ಜನ ಬಟ್ಟೆ ಕೊಟ್ಟು "ಬಸ್ಸು ಬಂತು" ಎಂದು ಓಡುತ್ತಿದ್ದರು, ಬಸ್ಸು ಬರದಿದ್ದರೂ.

೨೦೦೩ರಲ್ಲಿ ಅವರ ಮನೆಗೆ ಸಿ.ಡಿ. ಪ್ಲೇಯರ್ ಬಂತು. ಜಿಪ್ಪು, ಲೈನಿಂಗ್ ಬಟ್ಟೆ, ಒಳ್ಳೆಯ ದಾರ ತರಲು ದೇವಣ್ಣ ತಿಂಗಳಿಗೊಮ್ಮೆ ಭಟ್ಕಳಕ್ಕೆ ಹೋಗುತ್ತಿದ್ದರು. ಅಲ್ಲಿನ ಫಾರಿನ್ ಸಾಮಾನಿನ ಅಂಗಡಿಯ ಸಾಹೇಬರು ಪ್ಲೇಯರಿನ ಜೊತೆಗೆ ಒಂದು ಸಿ.ಡಿ.ಯನ್ನು ಮಕ್ಕಳಿಗೆಂದು ಸುಮ್ಮನೆ ಕೊಟ್ಟರು. ಬಣ್ಣದ ಚಿತ್ರಗಳ ಇಂಗ್ಲಿಷ್ ಸಿನಿಮಾ. ಒಂದು ನದಿ, ಅದರಲ್ಲೊಂದು ನೀರುನಾಯಿ, ಒಂದು ಮುದಿ ಆಮೆ, ಮಾತು ನಿಲ್ಲಿಸದ ಒಂದು ಕೊಕ್ಕರೆ. ಮೇಲಿನಿಂದ ಮೊಸಳೆಗಳು ಇಳಿದು ಬರುತ್ತವೆ. ನೀರುನಾಯಿ ಮರದ ದಿಮ್ಮಿ ಒಟ್ಟಿ ನದಿಗೆ ಅಡ್ಡಗಟ್ಟೆ ಕಟ್ಟಿ ಎಲ್ಲರನ್ನೂ ಉಳಿಸುತ್ತದೆ.

ಭಾನುವಾರ ಮಧ್ಯಾಹ್ನ ಕೇರಿಯ ಮಕ್ಕಳು, ಅವರ ಹಿಂದೆ ದೊಡ್ಡವರು ಜಗಲಿ ತುಂಬ ಕೂತರು. ಮಾತು ಯಾರಿಗೂ ತಿಳಿಯಲಿಲ್ಲ. ಐದು ನಿಮಿಷಕ್ಕೆ ಮಕ್ಕಳು ಒಬ್ಬರನ್ನೊಬ್ಬರು ಚಿವುಟತೊಡಗಿದರು. ಆಗ ದೇವಣ್ಣ ಟಿ.ವಿ.ಯ ದನಿ ಪೂರ್ತಿ ಇಳಿಸಿ, ಪಕ್ಕದಲ್ಲಿ ಚಾಪೆ ಹಾಕಿ ಚಕ್ಕಳಮಕ್ಕಳ ಕೂತು, ಗಂಟಲು ಸರಿಮಾಡಿಕೊಂಡರು.

"ಎಲೈ ಆಮೆಯೇ! ಈ ನದಿಯಲ್ಲಿ ನಾನು ಯಾರೆಂದು ತಿಳಿದೆ?"

ಅಂದಿನಿಂದ ಮೂರೂ ಪಾತ್ರದ ಅರ್ಥ ಅವರದೇ. ತೊಂದರೆ ಒಂದೇ: ನೀರುನಾಯಿ ಪರದೆಗೆ ಬಂದ ಕೂಡಲೇ ತಾಳಮದ್ದಲೆಯ ರೂಢಿಯಂತೆ ತನ್ನ ಕುಲ, ಹುಟ್ಟು, ಸಾಹಸ ಎಲ್ಲವನ್ನೂ ಹೇಳಿಕೊಳ್ಳುವ ಪೀಠಿಕೆ ಹಾಕಬೇಕಲ್ಲ. ಅದು ಮುಗಿಯುವಷ್ಟರಲ್ಲಿ ಸಿನಿಮಾದಲ್ಲಿ ಎರಡು ಮೊಸಳೆ ಬಂದುಹೋಗಿರುತ್ತಿದ್ದವು. ಹಾಗಾಗಿ ಅವರ ಹೆಂಡತಿ ಗಣಪಕ್ಕ ರಿಮೋಟು ಹಿಡಿದು ಪಕ್ಕದಲ್ಲಿ ಕೂತರು. ಗಂಡ ಪೀಠಿಕೆಗೆ ಇಳಿದರೆ ಚಿತ್ರ ನಿಲ್ಲಿಸುವುದು, ಸಾಕೆನಿಸಿದಾಗ ಬಿಡುವುದು.

"ಆತು, ಸಾಕು ಮಾಡಿ. ಮೊಸಳೆ ಕಾಯ್ತಾ ನಿಂತಿದೆ" ಎಂದು ಅವರು ಗುಂಡಿ ಒತ್ತಿದರೆ ಜಗಲಿಯೆಲ್ಲ ನಗು.

ತೆಂಗಿನಕಾಯಿ ಕೊಯ್ಯುವ ಶುಕ್ರ ಹೇಳುತ್ತಿದ್ದ: "ಭಟ್ರ ಕೈಲಿ ಆಗದ್ದು ಗಣಪಕ್ಕನ ಕೈಲಿ ಆತು ಮಾರಾಯ!"

ಆ ಸಿ.ಡಿ.ಯನ್ನು ಒಂದು ವರ್ಷದಲ್ಲಿ ಎಷ್ಟು ಸಲ ನೋಡಿದೆವೋ ಲೆಕ್ಕವಿಲ್ಲ.

೨೦೦೪ರ ಮಳೆಗಾಲದಲ್ಲಿ ದೇವಣ್ಣ ಭಟ್ಕಳದಿಂದ ಅದರ ಎರಡನೇ ಭಾಗ ತಂದರು. ನಾನಾಗ ಹೊನ್ನಾವರಕ್ಕೆ ಬಸ್ಸಿನಲ್ಲಿ ಹೋಗಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದೆ. "ತಂಗಿ, ನೀ ಇಂಗ್ಲಿಷ್ ಓದಿದವಳು. ಕತೆ ಎಂತ ಅಂತ ಒಂಚೂರು ನೋಡಿ ಹೇಳು" ಎಂದರು. ಅರ್ಧ ಮಾತು ತಿಳಿಯಿತು, ಅರ್ಧ ಚಿತ್ರದಿಂದ ಊಹಿಸಿದೆ. ಮೊದಲ ಭಾಗದ ವೀರ ನೀರುನಾಯಿ ಈಗ ನದಿಗೆ ಯಜಮಾನ. ಮೊಸಳೆಗಳು ಹೋಗಿವೆ, ಅಡ್ಡಗಟ್ಟೆ ಉಳಿದಿದೆ. ಮಳೆ ಹೆಚ್ಚಿ ಕಟ್ಟೆಯ ಹಿಂದೆ ನೀರು ಏರುತ್ತಿದೆ, ದಂಡೆಯ ಗೂಡುಗಳೆಲ್ಲ ಮುಳುಗುವ ಹಾಗಿದೆ. ಆಮೆ ಕಟ್ಟೆ ಒಡೆ ಎನ್ನುತ್ತದೆ. ತನ್ನ ಹೆಸರು ನಿಂತದ್ದೇ ಆ ಕಟ್ಟೆಯ ಮೇಲೆ ಎಂದು ನೀರುನಾಯಿ ಒಪ್ಪುವುದಿಲ್ಲ. ಕೊನೆಗೆ ತಲೆ ತಗ್ಗಿಸಿ ತಾನೇ ದಿಮ್ಮಿ ಕಿತ್ತು ಹಾಕುತ್ತದೆ.

ಕಾಲೇಜಿನಲ್ಲಿ ಪಾತ್ರಚಿತ್ರಣ ಬರೆಯಲು ನಮಗೆ ಕಲಿಸಿದ್ದಂತೆ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎರಡು ಸಾಲು ಮಾಡಿಕೊಟ್ಟೆ: ಬಲ, ಕೊರತೆ. ದೇವಣ್ಣನಿಗೆ ಅದು ಬಹಳ ಹಿಡಿಸಿತು. ಪೆನ್ಸಿಲು ಕಿವಿಯಿಂದ ತೆಗೆದು ತಾವೇ ತುಂಬಿದರು. ಆಮೆಗೆ ಬಲ: ಅವಸರವಿಲ್ಲ. ಕೊರತೆ: ಹೇಳಬೇಕಾದ್ದನ್ನು ಹೇಳುವಾಗ ತಡವಾಗಿರುತ್ತದೆ. ಕೊಕ್ಕರೆಗೆ ಬಲ: ದೂರದಿಂದಲೇ ಅಪಾಯ ಕಾಣುತ್ತದೆ. ಕೊರತೆ: ಕಂಡದ್ದಕ್ಕಿಂತ ಹೆಚ್ಚು ಹೇಳುವುದರಿಂದ ಯಾರೂ ನಂಬುವುದಿಲ್ಲ. ನೀರುನಾಯಿಗೆ ಬಲ ಎಂದು ಒಂದು ಪುಟ ಬರೆದರು. ಕೊರತೆಯ ಜಾಗ ಖಾಲಿ.

"ಇದಕ್ಕೆ?" ಎಂದೆ.

"ಇವನಿಗೆ ಕೊರತೆ ಎಂತ ಇಲ್ಲ. ಎಲ್ಲರನ್ನೂ ಉಳಿಸಿದವ."

ಮೊದಲ ಭಾನುವಾರ ಹಾಗೆಯೇ ಅರ್ಥ ಹೇಳಿದರು. ಕೊನೆಯಲ್ಲಿ ಪರದೆಯ ಮೇಲೆ ನೀರುನಾಯಿ ತಲೆ ಬಗ್ಗಿಸಿ ಕಣ್ಣೀರು ಹಾಕುತ್ತಿದೆ, ದೇವಣ್ಣ ಮಾತ್ರ, "ಎಲವೋ ಆಮೆ, ನಾನು ಕಟ್ಟಿದ್ದನ್ನು ಒಡೆ ಎನ್ನಲು ನೀನು ಯಾರು?" ಎಂದು ಗುಡುಗುತ್ತಿದ್ದಾರೆ. ಮಕ್ಕಳು ಬಾಯಿ ಬಿಟ್ಟು ಒಮ್ಮೆ ಟಿ.ವಿ., ಒಮ್ಮೆ ದೇವಣ್ಣನನ್ನು ನೋಡಿದರು.

ಶುಕ್ರ ಬಿಡಲಿಲ್ಲ. "ದೇವಣ್ಣ, ಅದು ಅಳ್ತಾ ಇದೆ ಮಾರಾಯ. ನೀ ಎಂತಕ್ಕೆ ಬೈಯೂದು?"

"ಅದು ಅಳೂದಲ್ಲ, ನದಿ ನೀರು!" ಎಂದರು ದೇವಣ್ಣ. ಜಗಲಿ ನಗುವಿನಲ್ಲಿ ಮುಳುಗಿತು.

ಆ ವಾರವೇ ಸುದ್ದಿ ಬಂತು. ಚೌತಿಯ ತಾಳಮದ್ದಲೆಗೆ ಸೋಲುವ ಪಾತ್ರ ಹೇಳಬೇಕಾದವರು ಕಾಲು ಮುರಿದುಕೊಂಡು ಮಲಗಿದ್ದರು. ಉಳಿದದ್ದು ಮೂರು ವಾರ. ಸಂಘದಲ್ಲಿ ಯಾರೋ ದೇವಣ್ಣನ ಹೆಸರು ಎತ್ತಿದರಂತೆ. ಹರಿಹರ ಭಟ್ಟರು, "ಆಯ್ತವಾರ ಅವನ ಮನೆಗೆ ಹೋಗಿ ಅರ್ಥ ಕೇಳ್ತೆ. ಆಮೇಲೆ ನೋಡ್ವ" ಎಂದರಂತೆ.

ಗುರುವಾರ ನಾನು ರವಿಕೆ ತರಲು ಹೋದಾಗ ದೇವಣ್ಣ ಯಂತ್ರ ನಿಲ್ಲಿಸಿ ನೋಟ್‌ಬುಕ್ಕು ಬಿಡಿಸಿಕೊಂಡು ಕೂತಿದ್ದರು. ಆರು ವರ್ಷದ ನಂತರ ತೆರೆದ ಬಾಗಿಲು. ಮುಖ ಇಳಿದಿತ್ತು.

"ಸೋಲೂದು ಗೊತ್ತುಂಟು ತಂಗಿ. ಆದರೆ ಸೋಲುವಾಗ ಎಂತ ಹೇಳೂದು? ಬಾಯಿಗೆ ಮಾತೇ ಬರೂದಿಲ್ಲ."

ಒಳಗಿನಿಂದ ಗಣಪಕ್ಕ ಗುಂಡಿಯ ಕಾಜಾ ಹೊಲಿಯುತ್ತಲೇ ಕೇಳಿದರು: "ಶರ್ಮಿಳನ ಮದುವೆ ರವಿಕೆ ನೆನಪಿದ್ಯಾ?"

ದೇವಣ್ಣ ನೋಟ್‌ಬುಕ್ಕು ಮಡಚಿದರು. ನನಗೆ ಆ ಕತೆ ಗೊತ್ತಿತ್ತು. ನಾಲ್ಕು ವರ್ಷದ ಹಿಂದೆ ಹಿಂದಿನ ಕೇರಿಯ ಶರ್ಮಿಳನ ಮದುವೆ ರವಿಕೆಯ ತೋಳು ಬಿಗಿಯಾಗಿತ್ತು. ಅಳತೆ ತಲೆಯಲ್ಲೇ ಇಟ್ಟುಕೊಂಡವರು ಬೇರೆ ಯಾರದೋ ತೋಳಿಗೆ ಕತ್ತರಿಸಿದ್ದರು. ತಪ್ಪಾಯಿತು ಎನ್ನಲಿಲ್ಲ. ಹುಡುಗಿ ದಪ್ಪಗಾಗಿದ್ದಾಳೆ, ಅಳತೆ ಕೊಡುವಾಗ ಕೈ ಎತ್ತಿದ್ದೇ ಸರಿಯಿಲ್ಲ, ಈಗಿನ ಫ್ಯಾಷನ್ನೇ ಹೀಗೆ ಎಂದು ಒಂದು ಗಂಟೆ ವಾದಿಸಿದರು. ಅವಳ ತಾಯಿಗೆ ಮಾತಿಗೆ ಮಾತು ಕೊಡಲಾಗಲಿಲ್ಲ. ಶರ್ಮಿಳ ಕಂಕುಳಲ್ಲಿ ಹೊಲಿಗೆ ಬಿಟ್ಟು ಪಿನ್ನು ಚುಚ್ಚಿಕೊಂಡೇ ಧಾರೆಗೆ ಕೂತಳು.

"ಆವತ್ತೂ ನೀವೇ ಗೆದ್ದಿರಿ. ಅವರ ಮನೆಯವರು ಮತ್ತೆ ಈ ಅಂಗಡಿ ಮೆಟ್ಟಲು ಹತ್ತಲಿಲ್ಲ" ಎಂದರು ಗಣಪಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. ದಾರ ಹಲ್ಲಿನಿಂದ ಕಡಿದು ಮುಂದಿನ ಕಾಜಾ ಹಿಡಿದರು.

ಭಾನುವಾರ ಭಟ್ಟರು ಕೊಡೆ ಮಡಿಸಿ ಜಗಲಿಯ ಮೂಲೆಯ ಕುರ್ಚಿಯಲ್ಲಿ ಕೂತರು. ಕೈಯಲ್ಲೊಂದು ಬಟ್ಟೆಯ ಚೀಲ. ದೇವಣ್ಣನ ಪೀಠಿಕೆ ಎಂದಿಗಿಂತ ಚಿಕ್ಕದಾಗಿತ್ತು. ಗಣಪಕ್ಕ ಎರಡೇ ಸಲ ಚಿತ್ರ ನಿಲ್ಲಿಸಿದರು. ಆಮೆಗೂ ನೀರುನಾಯಿಗೂ ವಾದ ಏರಿತು. ನೀರುನಾಯಿಯ ಮಾತು ಎಂಥ ಚೂಪು! ಮೊಸಳೆ ಬಂದ ದಿನ ನೀನು ಚಿಪ್ಪಿನೊಳಗೆ ಎಷ್ಟು ದೂರ ಹೋಗಿದ್ದೆ ಎಂದು ಕೇಳಿದಾಗ ಭಟ್ಟರೂ ತುಟಿಯಂಚಿನಲ್ಲಿ ನಕ್ಕರು. ನೀರು ಏರಿತು. ಗೂಡುಗಳು ತೇಲಿದವು. ಪರದೆಯ ನೀರುನಾಯಿ ತಲೆ ಬಗ್ಗಿಸಿತು.

ಗಣಪಕ್ಕ ಗುಂಡಿ ಒತ್ತಿ ಚಿತ್ರ ನಿಲ್ಲಿಸಿದರು. ಗಂಡನ ಕಡೆ ನೋಡಲಿಲ್ಲ.

ದೇವಣ್ಣ ಪರದೆಯ ಕಡೆ ತಿರುಗಿದರು. ಮಾಡಿನಿಂದ ನೀರು ಬೀಳುತ್ತಿತ್ತು. ಆಮೇಲೆ ಯಕ್ಷಗಾನದ ದನಿಯನ್ನು ಬಿಟ್ಟು, ಅಂಗಡಿಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದರು:

"ಆಮೆಯಣ್ಣ, ಅಳತೆ ತಪ್ಪಿದ್ದು ನಂದು. ಅವತ್ತಿನ ನೀರಿಗೆ ಕಟ್ಟಿದ್ದು ಇವತ್ತಿನ ನೀರಿಗೆ ಬಿಗಿ ಆತು. ಗೊತ್ತಿತ್ತು ನಂಗೆ. ಬಾಯಿ ಇತ್ತಲ್ಲ ಅಂತ ಮಾತಾಡ್ದೆ. ಕಟ್ಟಿದವ ನಾನು. ಬಿಚ್ಚೂದೂ ನಾನೇ."

ಗಣಪಕ್ಕ ಚಿತ್ರ ಬಿಟ್ಟರು. ನೀರುನಾಯಿ ಮೊದಲ ದಿಮ್ಮಿ ಕಿತ್ತಿತು. ಮುಂದೆ ಮಕ್ಕಳಲ್ಲಿ ಯಾರೋ ಮೂಗು ಎಳೆದುಕೊಂಡ ಸದ್ದು.

ಸಿನಿಮಾ ಮುಗಿದ ಮೇಲೆ ಭಟ್ಟರು ಎದ್ದು ಚೀಲದಿಂದ ಬಿಳಿ ಬಟ್ಟೆ ತೆಗೆದು ದೇವಣ್ಣನ ಮಡಿಲಲ್ಲಿಟ್ಟರು. "ನಂಗೆ ಒಂದು ಜುಬ್ಬ. ಬಟ್ಟೆ ಉಳಿತದೆ, ನಿಂಗೂ ಒಂದು ಹೊಲ್ಕೊ. ಚೌತಿಗೆ ನನ್ನ ಪದ್ಯಕ್ಕೆ ಅರ್ಥ ಹೇಳೂಕೆ ಬೇಕಲ."

"ಭಟ್ರೇ, ಅಳತೆ..."

"ನಿನ್ನ ತಲೇಲಿ ಉಂಟಲ್ಲ" ಎಂದರು ಭಟ್ಟರು, ಕೊಡೆ ಬಿಡಿಸುತ್ತಾ.

"ಇಲ್ಲ, ಕೈ ಎತ್ತಿ. ಈ ಸಲ ಬರ್ಕೊಳ್ತೆ."

ಆ ಚೌತಿಯಲ್ಲಿ ಶರಣಾಗುವ ಪದ್ಯವನ್ನು ಭಟ್ಟರು ಒಂದೇ ಸಲ ಹಾಡಿದರು. ದೇವಣ್ಣನ ದನಿ ಒಮ್ಮೆ ಏರಿದಾಗ, ಹೆಂಗಸರ ನಡುವೆ ಕೂತಿದ್ದ ಗಣಪಕ್ಕನ ಹೆಬ್ಬೆರಳು ಖಾಲಿ ಮುಷ್ಟಿಯ ಮೇಲೆ ತನ್ನಷ್ಟಕ್ಕೇ ಒತ್ತಿಕೊಂಡದ್ದನ್ನು ಪಕ್ಕದಲ್ಲಿದ್ದ ನಾನು ನೋಡಿದೆ. ಬೇಕಾಗಲಿಲ್ಲ. ದೇವಣ್ಣ ಮೂರು ಮಾತು ಹೇಳಿ ಕೈ ಮುಗಿದರು. ಹಿಂದಿನಿಂದ ಶುಕ್ರ ಎಲ್ಲರಿಗೂ ಕೇಳುವಂತೆ, "ದೇವಣ್ಣ ಸೋತ ಹೋ!" ಎಂದು ಕೂಗಿದ. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಸೋತವನಿಗೆ ಅಷ್ಟು ಚಪ್ಪಾಳೆ ಬಿದ್ದದ್ದನ್ನು ನಾನು ಮತ್ತೆ ಕಂಡಿಲ್ಲ.

ಆಮೇಲೆ ಊರಲ್ಲಿ ಎಲ್ಲರ ಮನೆಗೂ ಟಿ.ವಿ. ಬಂತು, ಕಾರ್ಟೂನುಗಳೇ ಕನ್ನಡ ಮಾತಾಡತೊಡಗಿದವು. ಜಗಲಿಯ ಭಾನುವಾರಗಳು ತಾವಾಗಿ ನಿಂತವು. ಸಿದ್ಧ ಉಡುಪು ಬಂದು ಅಂಗಡಿಯಲ್ಲೂ ಹೊಸ ಹೊಲಿಗೆ ಕಡಿಮೆಯಾಗಿ, ಬಿಗಿಯಾದದ್ದನ್ನು ಬಿಚ್ಚಿ ಸಡಿಲ ಮಾಡಿಕೊಡುವ ಕೆಲಸವೇ ಹೆಚ್ಚಾಯಿತು. ದೇವಣ್ಣ ಅದನ್ನೂ ಮಾತಾಡುತ್ತಲೇ ಮಾಡುತ್ತಿದ್ದರು. ಈಗಲೂ ಬಣ್ಣದ ಚಿತ್ರದಲ್ಲಿ ಯಾವುದಾದರೂ ಪ್ರಾಣಿ ಬಾಯಿ ತೆರೆದರೆ ನನಗೆ ಮೊದಲು ಕೇಳುವುದು ಅವರ ದನಿ.

ನಾನು ಬಿ.ಎ. ಮುಗಿಸಿ ಕುಮಟೆಯಲ್ಲಿ ಕೆಲಸ ಸಿಕ್ಕಿ ಹೊರಡುವಾಗ ಅವರು ನನ್ನ ನೋಟ್‌ಬುಕ್ಕು ಹಿಂದಿರುಗಿಸಿದರು. ಬಸ್ಸಿನಲ್ಲಿ ಕೂತು ಬಿಡಿಸಿದೆ. ಆಮೆ ಇತ್ತು, ಕೊಕ್ಕರೆ ಇತ್ತು. ನೀರುನಾಯಿಯ ಎದುರಿಗೆ ಕೊರತೆಯ ಸಾಲು ಈಗ ಖಾಲಿಯಿರಲಿಲ್ಲ. ಮೊಂಡು ಪೆನ್ಸಿಲಿನಲ್ಲಿ ಎರಡೇ ಪದ ಬರೆದಿದ್ದರು: "ಶರ್ಮಿಳನ ರವಿಕೆ."